ತನ್ನದೇ ಅರ್ಜಿಗೆ ಸುಣ್ಣ ಬಳಿದಾಕೆ

ಬೆಳಗಿನ ಐದೂವರೆ. ಹಳೆಯ ಬಸ್ ನಿಲ್ದಾಣದ ಹಿಂದಿನ ಗೋಡೆಯೆದುರು ಸುಣ್ಣದಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಗೋಡೆಯ ಮೇಲೆ ಯಾರೋ ಬರೆದು ಹೋದ ಆಳೆತ್ತರದ ನೇಣಿನ ಕುಣಿಕೆ. ಅದರ ಕೆಳಗೆ ಒಂದೇ ಸಾಲು: ‘ಮುಂದಿನವರು ಯಾರು?’

“ಕಪ್ಪು ಬಣ್ಣ. ಮೂರು ಕೋಟು ಬೇಕು,” ಎನ್ನುತ್ತಾ ಅವರು ಬಕೆಟ್ಟಿಗೆ ಕೋಲು ಹಾಕಿ ಕದಡುತ್ತಾರೆ. “ನೀಲಿ ಎರಡಕ್ಕೇ ಒಪ್ಕೊಳ್ಳುತ್ತೆ. ಕೆಂಪು ಮಾತ್ರ ಮಹಾ ಹಟಮಾರಿ. ಹೋಯ್ತು ಅಂತ ಏಣಿ ಮಡಚಿದ್ರೆ, ಒಣಗಿದ ಮೇಲೆ ಬೇಡದ ನೆಂಟರ ಥರ ಮತ್ತೆ ಬಂದು ನಿಂತಿರುತ್ತೆ.”

ಅವರು ನಗರಸಭೆಯ ಸುಣ್ಣ ಬಳಿಯುವ ಕೆಲಸಗಾರ್ತಿ. ವಯಸ್ಸು ಐವತ್ತಾರು. ಹದಿನಾಲ್ಕು ಅಡಿಯ ಏಣಿ, ಎರಡು ಬಕೆಟ್, ಉದ್ದ ಹಿಡಿಯ ಬ್ರಷ್ಷು, ತಲೆಗೊಂದು ಬಟ್ಟೆ. ದಿನಕ್ಕೆ ಆರೇಳು ಗೋಡೆ. ಊರಿನಲ್ಲಿ ಗಲಾಟೆ ಇದ್ದರೆ ಹನ್ನೆರಡು. ಜನ ಎದ್ದು ಹೊರಗೆ ಬರುವಷ್ಟರಲ್ಲಿ ಗೋಡೆ ಮುಖ ತೊಳೆದುಕೊಂಡು ನಿಂತಿರಬೇಕೆಂದು ಮೇಲಿನವರ ಅಪ್ಪಣೆ. ಸುಣ್ಣಕ್ಕೆ ಸವೆದು ಅವರ ಬೆರಳ ತುದಿಗಳು ನುಣ್ಣಗಾಗಿವೆ. ಹಾಜರಿಯ ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸುವುದಿಲ್ಲ. “ಒಂಬತ್ತು ವರ್ಷದಿಂದ ಕೆಲಸ ಮಾಡ್ತಿದೀನಿ, ಆ ಮಿಷನ್‌ಗೆ ಇನ್ನೂ ನನ್ನ ಪರಿಚಯ ಆಗಿಲ್ಲ,” ಎಂದು ನಗುತ್ತಾರೆ.

ಈ ಕೆಲಸ ಅವರು ಬೇಡಿ ಪಡೆದದ್ದಲ್ಲ, ಗಂಡನ ಸಾವಿನಿಂದ ಬಂದದ್ದು. ಒಂಬತ್ತು ವರ್ಷದ ಹಿಂದೆ ಇದೇ ಬ್ರಷ್ಷು ಅವರ ಗಂಡನ ಕೈಯಲ್ಲಿತ್ತು. ಚುನಾವಣೆಗೆ ನಾಲ್ಕು ದಿನ ಇರುವಾಗ, ಶಾಲೆಯ ಕಾಂಪೌಂಡಿನ ಮೇಲಿದ್ದ ಒಂದು ಪಕ್ಷದ ಘೋಷಣೆ ಅಳಿಸುವಂತೆ ಅವರಿಗೆ ಆದೇಶ ಬಂತು. ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಹೋದ ಹೆಂಡತಿ ದೂರದಿಂದಲೇ ಕಂಡದ್ದು, ಏಣಿಯಿಂದ ಕೆಳಗೆ ಬಿದ್ದಿದ್ದ ಗಂಡನನ್ನೂ ಸುತ್ತ ನಿಂತು ಬಡಿಯುತ್ತಿದ್ದ ಐವರನ್ನೂ.

“ಐದು ಜನ. ಕಣ್ಣಾರೆ ಕಂಡೆ. ಪೊಲೀಸರಿಗೂ ಅದನ್ನೇ ಹೇಳ್ದೆ, ಕೋರ್ಟಲ್ಲೂ ಅದನ್ನೇ ಹೇಳ್ದೆ.”

ನಾಲ್ವರಿಗೆ ದೊಡ್ಡ ವಕೀಲರು ಸಿಕ್ಕರು. ಆ ಹೊತ್ತಿಗೆ ಅವರು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿದ್ದರೆಂದು ಹೇಳಲು ಇಪ್ಪತ್ತು ಸಾಕ್ಷಿಗಳೂ ಸಿಕ್ಕರು. ಐದನೆಯವನು ಉಗ್ರಾಣದಲ್ಲಿ ಮೂಟೆ ಹೊರುತ್ತಿದ್ದ ಹಮಾಲಿ. ಅವನಿಗೆ ಸಿಕ್ಕ ಸರ್ಕಾರಿ ವಕೀಲರು ಮೂರು ಸಲ ಬದಲಾದರು. ನ್ಯಾಯಾಧೀಶರು ಕೇಳಿದಾಗ ಅವನು ತಲೆತಗ್ಗಿಸಿ, “ಹೌದು ಸ್ವಾಮಿ, ನಾನೂ ಹೊಡೆದೆ,” ಎಂದುಬಿಟ್ಟ. ಆ ‘ನಾನೂ’ ತೀರ್ಪಿನಲ್ಲಿ ಬರೀ ‘ನಾನು’ ಆಯಿತು. ಅವನಿಗೆ ಗಲ್ಲು, ಉಳಿದವರಿಗೆ ಬಿಡುಗಡೆ.

“ಹೌದು ಅಂದವನ ಕೊರಳಿಗೆ ಹಗ್ಗ, ಇಲ್ಲ ಅಂದವರ ಕೊರಳಿಗೆ ಹಾರ,” ಎನ್ನುತ್ತಾರೆ ಸುಣ್ಣದಕ್ಕ. ಹಾರ ಹಾಕಿಸಿಕೊಂಡವರಲ್ಲಿ ಒಬ್ಬರು ಈಗ ನಗರಸಭೆಯ ಸದಸ್ಯರು. ಯಾವ ಗೋಡೆ ಅಳಿಸಬೇಕೆಂಬ ಪಟ್ಟಿಗೆ ಬೀಳುವುದು ಅವರದೇ ಸಹಿ. ಎದುರಾದಾಗಲೆಲ್ಲ ‘ಏನಮ್ಮಾ, ಚೆನ್ನಾಗಿದೀಯಾ’ ಎಂದು ಕೇಳುತ್ತಾರಂತೆ. “ಚೆನ್ನಾಗಿದೀನಿ ಸಾರ್ ಅಂತೀನಿ. ಇನ್ನೇನು ಅನ್ನಲಿ? ಹೊಟ್ಟೆಪಾಡು.”

ಕಳೆದ ವರ್ಷ ಹಮಾಲಿಯ ಕೊನೆಯ ಮೇಲ್ಮನವಿಯೂ ವಜಾ ಆಯಿತು. ಆಗ ಊರಿನ ಗೋಡೆಗಳು ಮಾತಾಡತೊಡಗಿದವು. ಮೊದಲು ಬರೆದವರು ಒಬ್ಬ ಡ್ರಾಯಿಂಗ್ ಮೇಷ್ಟ್ರು. ಮೂಟೆ ಹೊತ್ತು ಬಾಗಿದ ಬೆನ್ನು, ಮೂಟೆಯ ಮೇಲೆ ಕಾಲು ಚಾಚಿ ಕೂತ ನಾಲ್ವರು: ಅವರ ಮೊದಲ ಚಿತ್ರ ಅದು. ಅದನ್ನು ಅಳಿಸಲು ಸುಣ್ಣದಕ್ಕ ಹೋದಾಗ ಮೇಷ್ಟ್ರು ಅಲ್ಲೇ ಎದುರಿನ ಕಟ್ಟೆಯ ಮೇಲೆ ಕೂತಿದ್ದರು.

“ಎಷ್ಟೊತ್ತು ಹಿಡೀತು ಮೇಷ್ಟ್ರೇ, ಬರೆಯೋಕೆ?”

“ಆರು ಗಂಟೆ ಅಕ್ಕ.”

“ನಂಗೆ ಇಪ್ಪತ್ತು ನಿಮಿಷ ಸಾಕು. ನಿಮ್ಮ ಕಣ್ಣೆದುರು ಅಳಿಸೋಕೆ ಮನಸ್ಸಾಗಲ್ಲ, ಎದ್ದು ಹೋಗಿ.”

ಮೇಷ್ಟ್ರು ಏಳಲಿಲ್ಲ. “ನಿಮ್ಮ ಮನೆಯವರನ್ನ ಕೊಂದವನ ಪರ ಬರೀತಿದೀನಿ. ನೀವೇ ನನ್ನ ಬೈಬೇಕು,” ಎಂದರು. ಸುಣ್ಣದಕ್ಕ ಏಣಿ ಹತ್ತುತ್ತಲೇ ಕೇಳಿದರಂತೆ, “ನಾಲ್ಕು ಜನಾನ ಮೂಟೆ ಮೇಲೆ ಕೂರಿಸಿದೀರಲ್ಲ, ನಿಮಗೆ ಹೆಂಗೆ ಗೊತ್ತು? ನಾನು ಕೋರ್ಟಲ್ಲಿ ಹೇಳಿದ್ದು ಯಾರೂ ನಂಬಿಲ್ಲ ಅಂದ್ಕೊಂಡಿದ್ದೆ.”

ಅಂದು ಶುರುವಾದ ಮಾತು ಒಂದು ಕ್ಷಮಾದಾನದ ಅರ್ಜಿಯವರೆಗೆ ಹೋಯಿತು. ‘ನನ್ನ ಗಂಡನನ್ನು ಐದು ಜನ ಕೊಂದರು. ಒಬ್ಬನನ್ನು ನೇಣಿಗೆ ಹಾಕಿ ನನಗೆ ನ್ಯಾಯ ಸಿಕ್ಕಿತು ಎನ್ನಬೇಡಿ. ಅವನೂ ಹೋದರೆ ಸತ್ಯ ಹೇಳುವವಳು ನಾನೊಬ್ಬಳೇ ಉಳಿಯುತ್ತೇನೆ. ಅವನನ್ನು ಬದುಕಲು ಬಿಡಿ.’ ಹೇಳಿದ್ದು ಸುಣ್ಣದಕ್ಕ, ಬರೆದದ್ದು ಮೇಷ್ಟ್ರು. “ನನ್ನ ಅಕ್ಷರ ಕಾಗೆ ಕಾಲು. ದೊಡ್ಡೋರಿಗೆ ಹೋಗೋ ಕಾಗದ, ಚೆಂದ ಇರಲಿ ಅಂತ.”

ಮನೆಯಲ್ಲಿ ಇದು ಬೆಂಕಿ ಹಚ್ಚಿತು. ಎರಡೇ ಕೋಣೆಯ ಆ ಮನೆಯಲ್ಲಿ ಇರುವವರು ಇಬ್ಬರು, ಸೊಸೆ ಮತ್ತು ಎಂಬತ್ತು ದಾಟಿದ ಅತ್ತೆ. ಸತ್ತವನು ಅತ್ತೆಗೆ ಒಬ್ಬನೇ ಮಗ.

“ಅವನನ್ನ ಕೊಂದ್ರೆ ನಿಮ್ಮ ಮಗ ವಾಪಸ್ ಬರ್ತಾರಾ ಅತ್ತೆ?” ಎಂದು ಕೇಳಿದ್ದಕ್ಕೆ ಮುದುಕಿ ಕಣ್ಣು ಕೆಂಪಗೆ ಮಾಡಿ ಹೇಳಿದರಂತೆ: “ಅವನು ಬದುಕಿದ್ರೆ ಬರ್ತಾನಾ? ಹೇಳು. ನೀನು ಗಂಡನ್ನ ಕಳ್ಕೊಂಡೆ, ಅವನ ಕೆಲಸ ಆದ್ರೂ ನಿಂಗೆ ಸಿಕ್ತು. ನಂಗೇನು ಸಿಕ್ತು?”

ಅದಾದ ಮೇಲೆ ಹದಿನೆಂಟು ದಿನ ಇಬ್ಬರೂ ಮಾತಾಡಲಿಲ್ಲ. ಸೊಸೆ ಬಡಿಸಿದ ತಟ್ಟೆಯನ್ನು ನೆಲದ ಮೇಲೆ ಸರಿಸಿ ಇನ್ನೊಂದು ಕೋಣೆಗೆ ಹೋಗುತ್ತಿದ್ದರು.

ಅರ್ಜಿಗೆ ಉತ್ತರ ಬರಲಿಲ್ಲ. ಅದನ್ನು ಕೊಟ್ಟು ಬಂದಿದ್ದ ಕಚೇರಿಗೆ ಹೋಗಿ ವಿಚಾರಿಸಿದರೆ, ಅಂಥದೊಂದು ಕಾಗದ ಬಂದೇ ಇಲ್ಲ ಎಂದರು. ಅದರ ಮರುದಿನ ನೀರಿನ ಟ್ಯಾಂಕಿನ ಉದ್ದ ಗೋಡೆಯ ತುಂಬ, ಒಂದೊಂದಕ್ಷರ ಮೊಳದುದ್ದ, ಅದೇ ಅರ್ಜಿ ಇತ್ತು. ಕೆಂಪು ಬಣ್ಣದಲ್ಲಿ.

“ಮೇಷ್ಟ್ರು ನನ್ನ ಕೇಳಿರಲಿಲ್ಲ. ಕೇಳಿದ್ರೆ ಖಂಡಿತ ಬೇಡ ಅಂತಿದ್ದೆ,” ಎನ್ನುವಾಗ ಅವರ ದನಿಯಲ್ಲಿ ಇವತ್ತಿಗೂ ಸಿಟ್ಟಿದೆ. ಅಂದು ಬೆಳಿಗ್ಗೆ, ದಿನದ ಗೋಡೆಗಳನ್ನು ಹಂಚುವ ನಗರಸಭೆಯ ಮೇಸ್ತ್ರಿ ಪಟ್ಟಿ ಹಿಡಿದು ಬಂದವರು ಓದಲಾರದೆ ತಡವರಿಸಿದರು. “ಅಕ್ಕಾ, ಟ್ಯಾಂಕಿನ ಗೋಡೆಗೆ ಬೇರೆಯವರನ್ನ ಕಳಿಸ್ಲಾ?”

“ಬೇಡ. ನನ್ನ ಮಾತು, ನಾನೇ ಅಳಿಸ್ತೀನಿ. ಬೇರೆಯವರ ಕೈಲಿ ಯಾಕೆ?”

ಕೊನೆಯ ಸಾಲಿನಿಂದ ಶುರುಮಾಡಿದರಂತೆ. ಐದು ಕೋಟು ಹಿಡಿಯಿತು. ಕೆಲವರು ನಿಂತು ನೋಡಿದರು, ಒಬ್ಬ ಫೋಟೋ ತೆಗೆದ. ಆ ಮಾತು ಹೇಳಿದಾಕೆಯೇ ಅಳಿಸುತ್ತಿದ್ದಾಳೆಂದು ಅವರಲ್ಲಿ ಯಾರಿಗೂ ತಿಳಿದಿರಲಿಲ್ಲ.

ಅದೇ ಗೋಡೆ ಮೂಲೆ ತಿರುಗಿದಲ್ಲಿ ಇನ್ನೊಂದು ಚಿತ್ರವಿತ್ತು. ‘ಹುತಾತ್ಮನಿಗೆ ನ್ಯಾಯ, ಕೊಲೆಗಡುಕನಿಗೆ ಗಲ್ಲು’ ಎಂಬ ದಪ್ಪಕ್ಷರ, ನಡುವೆ ಅವರ ಗಂಡನ ಮುಖ. ಬರೆಸಿದವರು ಆ ಸದಸ್ಯರ ಕಡೆಯವರು. ಗಂಡನ ಮುಖಕ್ಕೆ ಹುರಿಮೀಸೆ ಬೇರೆ. “ಅವರು ಜನ್ಮದಲ್ಲೇ ಮೀಸೆ ಬಿಟ್ಟೋರಲ್ಲ. ಸುಣ್ಣ ಅಂಟುತ್ತೆ ಅಂತ ದಿನಾ ಬೋಳಿಸೋರು.” ಇದನ್ನೂ ಅಳಿಸಲೇ ಎಂದು ಕೇಳಿದ್ದಕ್ಕೆ ಮೇಸ್ತ್ರಿ ಪಟ್ಟಿ ನೋಡಿ, “ಅದು ಲಿಸ್ಟಲ್ಲಿಲ್ಲ ಅಕ್ಕ,” ಎಂದರು. ಬಕೆಟ್ಟಿನಲ್ಲಿ ಅರ್ಧ ಸುಣ್ಣ ಉಳಿದಿತ್ತು. ಪಟ್ಟಿಯಲ್ಲಿಲ್ಲದ ಗೋಡೆಯೂ ಬೆಳ್ಳಗಾಯಿತು.

ಹದಿನೈದು ದಿನ ಅಮಾನತು. ವಿಚಾರಣೆಯಲ್ಲಿ ಅವರು ಕೊಟ್ಟ ಉತ್ತರವನ್ನು ಮೇಸ್ತ್ರಿ ಇಂದಿಗೂ ಬಾಯಿ ಚಪ್ಪರಿಸಿ ಹೇಳುತ್ತಾರೆ: “ಗೋಡೆ ಮೇಲೆ ಯಾರೂ ಏನೂ ಬರೀಬಾರದು ಅಂತ ಆರ್ಡರ್ ಅಲ್ವಾ ಸಾರ್? ‘ಯಾರೂ’ ಅಂದ್ರೆ ಎಲ್ಲಾರೂ ಅಂದ್ಕೊಂಡೆ. ನಾನು ಓದಿದ್ದು ಏಳನೇ ಕ್ಲಾಸು.”

ಮೇಷ್ಟ್ರನ್ನು ಆ ವಾರವೇ ಹಿಡಿದುಕೊಂಡು ಹೋದರು. ಸಾರ್ವಜನಿಕ ಆಸ್ತಿಗೆ ಹಾನಿ, ಜನರ ಪ್ರಚೋದನೆ ಎಂದು ಕೇಸು. ಶಾಲೆಯವರು ಕೆಲಸದಿಂದ ತೆಗೆದರು. ಇನ್ನೂ ಜಾಮೀನು ಸಿಕ್ಕಿಲ್ಲ. ಹಮಾಲಿಗೆ ಗಲ್ಲಾಗಿ ನಾಲ್ಕು ತಿಂಗಳಾಯಿತು. ಅವತ್ತೂ ಸುಣ್ಣದಕ್ಕ ಏಣಿಯ ಮೇಲಿದ್ದರು. ಕೆಳಗಿನಿಂದ ಮೇಸ್ತ್ರಿ ಫೋನು ನೋಡುತ್ತ, “ಮುಗೀತಂತೆ ಅಕ್ಕ,” ಎಂದಷ್ಟೇ ಹೇಳಿದರು. ಅವರು ಆ ಗೋಡೆ ಮುಗಿಸಿಯೇ ಇಳಿದರು.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ಕೂತಿದ್ದರು. ಪಕ್ಕದ ಮನೆಯವರು ಸಿಹಿ ಕೊಟ್ಟು ಹೋಗಿದ್ದರು, ಪೊಟ್ಟಣ ಬಿಚ್ಚಿರಲಿಲ್ಲ.

“ಹೆಣ ಅವರಮ್ಮನಿಗೆ ಕೊಟ್ರಂತಾ?” ಎಂದು ಕೇಳಿದರು ಅತ್ತೆ.

“ಇಲ್ವಂತೆ. ಜೈಲೊಳಗೇ ಮಣ್ಣು ಮಾಡಿದ್ರಂತೆ.”

ಮುದುಕಿ ಸಿಹಿಯ ಪೊಟ್ಟಣವನ್ನು ಅತ್ತ ಸರಿಸಿ, “ನಂಗೆ ಕೊಟ್ಟಿದ್ರಲ್ಲ,” ಎಂದರಂತೆ. ಅವತ್ತು ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಬಸ್ ನಿಲ್ದಾಣದ ಗೋಡೆಗೆ ಮೂರನೆಯ ಕೋಟು ಬಿದ್ದಿದೆ. ಸುಣ್ಣದಕ್ಕ ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂರುತ್ತಾರೆ. ನಿವೃತ್ತಿಗೆ ನಾಲ್ಕು ವರ್ಷವಿದೆ. ಮುಂದೇನು ಆಸೆ ಎಂದರೆ ಹೇಳುತ್ತಾರೆ:

“ಆ ಹಮಾಲಿ ಹುಡುಗನ ತಾಯಿ ಇದೇ ಊರಲ್ಲಿ, ರೈಲ್ವೆ ಗೇಟಿನ ಆಚೆ ಇದಾರಂತೆ. ಒಂದ್ಸಲ ಕರ್ಕೊಂಡು ಹೋಗು ಅಂತ ಅತ್ತೆ ದಿನಾ ಪೀಡಿಸ್ತಾರೆ. ಅವರ ಮೊಣಕಾಲು ನೋವು ಕಡಿಮೆ ಆದ್ರೆ ಈ ತಿಂಗಳು ಹೋಗ್ಬೇಕು.”

ಹೋಗಿ ಏನು ಹೇಳುತ್ತೀರಿ?

“ಹೇಳೋಕೆ ಏನಿದೆ? ಸ್ವಲ್ಪ ಹೊತ್ತು ಕೂತಿದ್ದು ಬರ್ತೀವಿ. ಬಾಗಿಲು ತೆಗೆದ್ರೆ ಸಾಕು. ತೆಗೀದಿದ್ರೂ ಅವರದ್ದೇನೂ ತಪ್ಪಿಲ್ಲ ಬಿಡಿ, ನಾನಾಗಿದ್ರೂ ತೆಗೀತಿರ್ಲಿಲ್ಲ.”