ಬರ್ತೀನಿ ಅಂತ ಹೇಳಿ ಹೊರಟದ್ದು

ನಾನು ಕೆಲಸ ಬಿಟ್ಟ ದಿನ ತರಿಸಿದ್ದ ಕೇಕಿನ ಮೇಲೆ ಬೇಕರಿಯವರು ಇಂಗ್ಲಿಷಿನಲ್ಲಿ ‘ಥ್ಯಾಂಕ್ ಯೂ ಅಜ್ಜಿ’ ಎಂದು ಬರೆಯಬೇಕಿತ್ತು. ಎರಡು ‘ಜೆ’ ಬರಬೇಕಾದ ಕಡೆ ಎರಡು ‘ಜಿ’ ಹಾಕಿ ನನ್ನನ್ನು ‘ಅಗ್ಗಿ’ ಮಾಡಿಬಿಟ್ಟಿದ್ದರು. ಅಗ್ಗಿ ಎಂದರೆ ಬೆಂಕಿ. ನನ್ನ ಸಿಟ್ಟು ಕಂಡವರು ಯಾರೋ ಬೇಕೆಂದೇ ಹಾಗೆ ಬರೆಸಿದ್ದಾರೆ ಎಂದು ನನ್ನ ಗಂಡ ಎಲ್ಲರೆದುರೇ ನಕ್ಕರು. ನಾನೂ ನಕ್ಕೆ. ಅಳುವುದಕ್ಕಿಂತ ಆ ಹೊತ್ತಿಗೆ ಅದೇ ಸುಲಭವಾಗಿತ್ತು.

ನಮ್ಮ ಕೇಂದ್ರ ಇರುವುದು ಅಮೆರಿಕದ ಮೆಟುಚೆನ್ ಊರಿನ ರೈಲು ನಿಲ್ದಾಣದ ಹತ್ತಿರ, ಒಂದು ಹಳೆಯ ಕಟ್ಟಡದ ನೆಲಮಹಡಿಯಲ್ಲಿ. ನಡೆಯಲು, ಕೂರಲು, ಕೈಯಲ್ಲಿ ಚಮಚ ಹಿಡಿಯಲು ಕಷ್ಟಪಡುವ ಮಕ್ಕಳು ಸ್ಕೂಲು ಮುಗಿಸಿಕೊಂಡು ಅಲ್ಲಿಗೆ ಬರುತ್ತಾರೆ. ವ್ಯಾಯಾಮ, ಆಟ, ಹೋಮ್‌ವರ್ಕು, ಜಗಳ ಎಲ್ಲವೂ ಅಲ್ಲೇ. ದೇಣಿಗೆಯ ಮೇಲೆ ನಡೆಯುವ ಜಾಗ. ನಾನು ಫಿಸಿಯೋಥೆರಪಿಸ್ಟ್ ಆಗಿ ಸೇರಿ, ಕಡೆಗೆ ಅದರ ಡೈರೆಕ್ಟರ್ ಆದವಳು. ಡೈರೆಕ್ಟರ್ ಎನ್ನುವುದು ದೊಡ್ಡ ಮಾತು. ಬೋರ್ಡಿನವರಿಗೆ ಲೆಕ್ಕ ಒಪ್ಪಿಸುವವಳೂ ನಾನೇ, ಬಾತ್‌ರೂಮಿನ ನಲ್ಲಿ ಸೋರಿದರೆ ಪ್ಲಂಬರನಿಗೆ ಫೋನ್ ಮಾಡುವವಳೂ ನಾನೇ. ಯಾವುದೋ ಕನ್ನಡದ ಮಗು ಒಂದು ದಿನ ಅಜ್ಜಿ ಎಂದು ಕರೆದದ್ದೇ ನೆಪವಾಗಿ, ಸ್ಪ್ಯಾನಿಷ್ ಮಾತಾಡುವ ಮಕ್ಕಳು, ಕೊರಿಯಾದ ಮಕ್ಕಳು ಎಲ್ಲರೂ ಹಾಗೇ ಕರೆಯತೊಡಗಿದರು. ಅದು ನನ್ನ ಹೆಸರೆಂದು ಕೆಲವರು, ಹುದ್ದೆಯೆಂದು ಕೆಲವರು ತಿಳಿದಿದ್ದರು. ಆಗಿನ್ನೂ ನನ್ನ ಕೂದಲು ಕಪ್ಪಗಿತ್ತು, ಬಣ್ಣ ಹಚ್ಚದೆಯೂ.

ಬಿಡಿ ಎಂದು ನನಗೆ ಯಾರೂ ಹೇಳಲಿಲ್ಲ. ಮಂಡಿ ಹೇಳಿತು. ನೆಲದ ಮೇಲೆ ಕೂತರೆ ಎಬ್ಬಿಸಲು ಒಬ್ಬರು ಬೇಕಾಗತೊಡಗಿದಾಗ ನಾನೇ ಬೋರ್ಡಿನವರ ಮುಂದೆ ಹೋಗಿ ಬೇರೆಯವರನ್ನು ಹುಡುಕಿ ಎಂದೆ. ಅವರು ಹುಡುಕಿದ್ದು ನ್ಯೂಅರ್ಕ್ ಕಡೆಯ ಒಬ್ಬ ಅಮೆರಿಕನ್ ಯುವಕನನ್ನು. ಹುಟ್ಟಿನಿಂದಲೇ ಅವನ ಕಾಲುಗಳಲ್ಲಿ ಬಲವಿಲ್ಲ. ಎರಡು ಊರುಗೋಲು ಹಿಡಿದು ನಡೆಯುತ್ತಾನೆ, ನಡೆಯುತ್ತಾನೆ ಎನ್ನುವುದಕ್ಕಿಂತ ನುಗ್ಗುತ್ತಾನೆ. ಸಂದರ್ಶನದ ದಿನ ಅವನು ಬೋರ್ಡಿನವರನ್ನು ಮಾತಾಡಿಸುವ ಮೊದಲು ಮಕ್ಕಳ ಹತ್ತಿರ ಹೋಗಿ, ಇಲ್ಲಿ ನಿಮಗೆ ಇಷ್ಟವಾಗದೇ ಇರುವುದು ಏನು ಎಂದು ಕೇಳಿದ್ದ. ನನಗೆ ಅವನು ಮೆಚ್ಚಿಗೆಯಾದ. ಅಷ್ಟು ಮೆಚ್ಚಿಗೆಯಾಗಿದ್ದಕ್ಕೆ ಸ್ವಲ್ಪ ಹೊಟ್ಟೆ ಉರಿಯಿತು ಕೂಡ.

ಅಪ್ಪ ಅಮ್ಮಂದಿರು ಮಾತ್ರ ಗುಸುಗುಸು ಶುರು ಮಾಡಿದರು. ಬಾಯಿ ಬಿಟ್ಟು ಕೇಳಿದವನು ಪಕ್ಕದೂರು ಎಡಿಸನ್ನಿನಲ್ಲಿರುವ ಒಬ್ಬ ಧಾರವಾಡದ ಕಡೆಯ ಹುಡುಗ. ಹುಡುಗ ಎಂದರೆ ನನ್ನ ಲೆಕ್ಕದಲ್ಲಿ ಹುಡುಗ, ಒಂದು ಮಗುವಿನ ಅಪ್ಪ. ಹೆಂಡತಿಗೆ ಆಸ್ಪತ್ರೆಯಲ್ಲಿ ಶಿಫ್ಟು, ಇವನಿಗೆ ಮನೆಯಿಂದ ಐಟಿ ಕೆಲಸ. ಹಾಗಾಗಿ ಮಗಳನ್ನು ಕರೆತರುವವನು ಇವನೇ.

“ಆಂಟಿ, ತಪ್ಪ ತಿಳ್ಕೋಬ್ಯಾಡ್ರಿ. ಅವರಿಗೇ ನಡೀಲಿಕ್ಕೆ ಎರಡ ಕೋಲ ಬೇಕು. ನಮ್ಮ ಪುಟ್ಟಿನ್ನ ಹೆಂಗ ಹಿಡ್ಕೋತಾರ್ರಿ?”

“ನನಗೆ ಎರಡು ಕಾಲೂ ನೆಟ್ಟಗಿದ್ವಲ್ಲಪ್ಪ, ಅದ್ರಿಂದ ನಿನ್ನ ಮಗಳು ಓಡೋಕೆ ಶುರು ಮಾಡಿದ್ಲಾ? ಸುಮ್ನಿರು,” ಎಂದೆ.

ಅವನ ಮಗಳಿಗೆ ಆರು ವರ್ಷ. ಸೆರೆಬ್ರಲ್ ಪಾಲ್ಸಿ. ಬುದ್ಧಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಕಾಲಿನ ಸ್ನಾಯುಗಳು ಮಾತ್ರ ಬಿಗಿ. ಮೊಣಕಾಲಿನ ಕೆಳಗಿನಿಂದ ಪಾದದವರೆಗೆ ಪ್ಲಾಸ್ಟಿಕ್ಕಿನ ಬ್ರೇಸ್ ಹಾಕಿಕೊಂಡರೆ ಹಿಮ್ಮಡಿ ನೆಲ ಮುಟ್ಟುತ್ತದೆ, ವಾಕರ್ ಹಿಡಿದು ನಡೆಯಬಹುದು. ಹಾಕದಿದ್ದರೆ ಸ್ನಾಯು ಇನ್ನಷ್ಟು ಎಳೆದುಕೊಳ್ಳುತ್ತದೆ. ಚಳಿಗಾಲದ ರಜೆಗೆ ಮೊದಲು ಇನ್ನೊಮ್ಮೆ ನೋಡುತ್ತೇನೆ, ಅಲ್ಲಿಯವರೆಗೆ ದಿನಾ ಬ್ರೇಸ್ ಹಾಕಿದರೆ ಆಪರೇಷನ್ ತಪ್ಪಬಹುದು ಎಂದು ಡಾಕ್ಟರು ಹೇಳಿದ್ದರು. ಆದರೆ ಬ್ರೇಸ್ ಎಂದರೆ ಅವಳಿಗೆ ಮಹಾ ಕೋಪ. ನನ್ನ ಕೈಯಲ್ಲಿ ಮಾತ್ರ ಹಾಕಿಸಿಕೊಳ್ಳುತ್ತಿದ್ದಳು. ಕಾಲು ನೀವಿ ಸಡಿಲ ಮಾಡಿ, ಹಿಮ್ಮಡಿಯನ್ನು ಬ್ರೇಸಿನ ಒಳಗೆ ಹಿಂದಕ್ಕೆ ಕೂರಿಸುವಾಗ ನಾನು “ಹಿಮ್ಮಡಿ ಮನೆಗೆ ಬಂತಾ?” ಎಂದು ಕೇಳಬೇಕು. ಬಂದಿದ್ದರೆ “ಯೆಸ್, ಇಟ್ಸ್ ಹೋಮ್” ಎನ್ನುತ್ತಾಳೆ. ಆಗ ಪಟ್ಟಿ ಬಿಗಿಯಬೇಕು. ನಾನು ಕನ್ನಡದಲ್ಲಿ ಏನೇ ಕೇಳಲಿ, ಅವಳ ಉತ್ತರ ಇಂಗ್ಲಿಷಿನಲ್ಲೇ. ಕನ್ನಡ ಕೇಳಲಿಕ್ಕೆ, ಇಂಗ್ಲಿಷ್ ಮಾತಾಡಲಿಕ್ಕೆ ಎಂದು ಅವಳೇ ಭಾಗ ಮಾಡಿಕೊಂಡಿದ್ದಳು.

ಆ ಕೊನೆಯ ದಿನ ಕೇಕು ತಿಂದು, ಫೋಟೋ ತೆಗೆಸಿಕೊಂಡು, ಕೋಟು ಹಾಕಿಕೊಂಡು ಹೊರಟಾಗ ಅವಳ ಕೆನ್ನೆ ಹಿಂಡಿ, “ಬರ್ತೀನಿ ಪುಟ್ಟಿ,” ಎಂದೆ. ಬೇರೆ ಏನನ್ನಬೇಕಿತ್ತು? ಜೀವಮಾನದಲ್ಲಿ ನಾನು ಯಾವ ಮನೆಯಿಂದಲೂ ಬೇರೆ ಮಾತು ಹೇಳಿ ಹೊರಟವಳಲ್ಲ. ‘ಹೋಗ್ತೀನಿ’ ಎನ್ನಬಾರದು. ಹೋದರು ಎಂದರೆ ನಮ್ಮಲ್ಲಿ ಸತ್ತರು ಎಂದೇ ಅರ್ಥ. ಅವಳು “ಓಕೆ” ಎಂದು ಕೇಕಿನ ಕೆನೆ ನೆಕ್ಕುತ್ತಿದ್ದಳು.

ಆಮೇಲೆ ಮನೆ. ಹೊಸಬನು ಕಾಲೂರುವವರೆಗೆ ಹಳಬರು ಆ ಕಡೆ ತಲೆ ಹಾಕಬಾರದು ಎಂದು ಬೋರ್ಡಿನವರೂ ನಾನೂ ಒಪ್ಪಿಕೊಂಡಿದ್ದೆವು. ಒಪ್ಪಿಕೊಳ್ಳುವುದೇನೋ ಸುಲಭ, ಕಷ್ಟವಾದದ್ದು ಮಧ್ಯಾಹ್ನಗಳು. ಬೀದಿಯ ತುಂಬ ಉದುರಿದ ಎಲೆಗಳನ್ನು ಊದಿ ಗುಡ್ಡೆಹಾಕುವ ಮಿಷಿನ್ನುಗಳ ಗದ್ದಲ. ಮಕ್ಕಳು ಬಸ್ಸಿನಿಂದ ಇಳಿಯುವ ಹೊತ್ತಿಗೆ ನನ್ನ ಕೈಗೆ ಏನಾದರೂ ಬೇಕೆನಿಸುತ್ತಿತ್ತು. ಚಪಾತಿ ಹಿಟ್ಟು ನಾದುತ್ತಿದ್ದೆ. ದಿನಾ ಚಪಾತಿ ತಿಂದು ಗಂಡ ಸೋತುಹೋಗಿ, “ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಕಣೇ. ನಿನ್ನ ಕಾಲ ಮುಗೀತು, ನನಗೆ ಸ್ವಲ್ಪ ಅನ್ನ ಮಾಡು,” ಎಂದರು.

ಕೆಲವು ವಾರಗಳ ಮೇಲೆ ಹುಡುಗಿಯ ಅಪ್ಪ ಫೋನ್ ಮಾಡಿದ.

“ಆಂಟಿ, ಪುಟ್ಟಿ ಬ್ರೇಸ್ ಒಲ್ಲೆ ಅಂತಾಳ್ರಿ. ನೀವು ಬಿಟ್ಟಾಗಿಂದ ಹಾಕ್ಕೊಂಡೇ ಇಲ್ಲ. ಮನ್ಯಾಗೂ ಇಲ್ಲ, ಅಲ್ಲೂ ಇಲ್ಲ. ಕೋಟ್ ಬಿಚ್ಚಂಗಿಲ್ಲ, ಬಾಗಿಲ ಕಡೆ ಮಾರಿ ಮಾಡಿ ಕುಂದರ್ತಾಳ. ಕೇಳಿದ್ರ, ‘ಅಜ್ಜಿ ಸೆಡ್ ಬರ್ತೀನಿ. ಐ ಆ್ಯಮ್ ವೇಟಿಂಗ್’ ಅಂತಾಳ್ರಿ.”

“ಅಯ್ಯೋ, ಬರ್ತೀನಿ ಅಂದ್ರೆ ಹೊರಟೆ ಅಂತ ಅರ್ಥ ಅಂತ ನೀನು ಹೇಳ್ಲಿಲ್ವಾ?”

“ಹೇಳಿದ್ನಿರಿ. ‘ದೆನ್ ವೈ ಡಿಡಂಟ್ ಶಿ ಸೇ ಇಟ್?’ ಅಂದ್ಲು. ಏನ ಹೇಳೂದ್ರಿ ಅದಕ್ಕ?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೊಳಗೇ ಒಂದು ಖುಷಿಯೂ ಇತ್ತು. ನನಗಾಗಿ ಒಂದು ಮಗು ಕೋಟು ಹಾಕಿಕೊಂಡು ಕಾಯುತ್ತಿದೆ. ತಕ್ಷಣ ಹೊಸ ಡೈರೆಕ್ಟರನಿಗೆ ಫೋನ್ ಮಾಡಿ, ನಾಳೆ ಬಂದು ಬ್ರೇಸ್ ಹಾಕಿಕೊಟ್ಟು ಹೋಗುತ್ತೇನೆ ಎಂದೆ.

ಅವನು ಮೊದಲು ಪುಟ್ಟಿ ದಿನಾ ಹೇಳುವ ಆ ಪದ ಏನೆಂದು ಕೇಳಿದ. ಅವನ ಬಾಯಲ್ಲಿ ಅದು ‘ಬಾರ್ಟೀನಿ’ ಆಗಿತ್ತು, ಯಾವುದೋ ಬಾರಿನಲ್ಲಿ ಕೊಡುವ ಪಾನೀಯದ ಹಾಗೆ. ನಾನು ಅರ್ಥ ಹೇಳಿದೆ, ಹೋಗುವಾಗ ಬರುತ್ತೇನೆ ಎನ್ನುವುದು ನಮ್ಮ ಪದ್ಧತಿ ಎಂದೆ. ಅವನು ಚೆನ್ನಾಗಿದೆ ಎಂದ. ಆಮೇಲೆ ತನ್ನ ಕತೆ ಹೇಳಿದ. ಚಿಕ್ಕವನಿದ್ದಾಗ ಆಪರೇಷನ್ ಆಗಿ ಆಸ್ಪತ್ರೆಯಲ್ಲಿ ಮಲಗಿದ್ದನಂತೆ. ಅವನಿಗೆ ತುಂಬ ಇಷ್ಟವಾದ ಒಬ್ಬ ನರ್ಸು ಒಂದು ಸಂಜೆ ‘ಸೀ ಯೂ’ ಎಂದು ಹೋದವಳು ಬೇರೆ ಊರಿಗೇ ಹೋಗಿಬಿಟ್ಟಿದ್ದಳು. ಅವನು ಊಟದ ಜೊತೆ ಕೊಟ್ಟ ಪುಡ್ಡಿಂಗನ್ನು ತಿನ್ನದೆ ಅವಳಿಗೆಂದು ಎತ್ತಿಡುತ್ತಿದ್ದನಂತೆ. “ನಮ್ಮಂಥ ಮಕ್ಕಳ ಸುತ್ತ ದೊಡ್ಡವರು ಬರುತ್ತಲೇ ಇರುತ್ತಾರೆ, ಹೋಗುತ್ತಲೇ ಇರುತ್ತಾರೆ. ಥೆರಪಿಸ್ಟು, ಆಯಾ, ಬಸ್ಸಿನ ಡ್ರೈವರು. ಹೋಗುತ್ತಿದ್ದೇನೆ ಎಂದು ಯಾರೂ ಹೇಳುವುದಿಲ್ಲ. ನಾಳೆ ನೀವು ಬಂದು ಬ್ರೇಸ್ ಹಾಕಿದರೆ ನಾಡಿದ್ದು ಅವಳು ಮತ್ತೆ ಬಾಗಿಲಲ್ಲಿ ಕೂರುತ್ತಾಳೆ. ದಯವಿಟ್ಟು ಬನ್ನಿ. ಹಾಕುವುದಕ್ಕಲ್ಲ, ಹೇಳುವುದಕ್ಕೆ,” ಎಂದ.

ನನಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದವನು ನನಗೇ ಹೇಳಿಕೊಡುತ್ತಾನಲ್ಲ ಎಂದು ಪಾತ್ರೆಗಳನ್ನೆಲ್ಲ ಸದ್ದು ಮಾಡಿಕೊಂಡು ತೊಳೆದೆ. ಗಂಡ ವಿಷಯವೆಲ್ಲ ಕೇಳಿ, “ಒಂದು ಮಾತು ತಾನೆ, ಹೇಳಿಬಿಟ್ರೆ ಏನಾಗತ್ತೆ?” ಎಂದರು.

“ನಿಮ್ಮ ಬಾಯಲ್ಲಿ ಬರತ್ತಾ ನೋಡಿ.”

ಕೊತ್ತಂಬರಿ ಸೊಪ್ಪು ತರಲು ಓಕ್ ಟ್ರೀ ರೋಡಿಗೆ ಹೊರಟಿದ್ದವರು ಬಾಗಿಲಲ್ಲಿ ನಿಂತು ಗಟ್ಟಿಯಾಗಿ “ಹೋಗ್ತೀನಿ” ಎಂದು ಇಳಿದರು. ಕಾರಿನವರೆಗೂ ಹೋದವರು ವಾಪಸು ಬಂದು, “ಬರ್ತೀನಿ ಕಣೇ,” ಎಂದು ಹೇಳಿ ಮತ್ತೆ ಹೊರಟರು.

ಮಾರನೆಯ ದಿನ ಹೋದೆ. ನಾನು ಬಿಟ್ಟಾಗ ಇದ್ದ ಹಾಗೆ ಯಾವುದೂ ಇರಲಿಲ್ಲ. ಕೋಟು ತೂಗುಹಾಕುವ ಕೊಕ್ಕೆಗಳನ್ನು ಹೊಸ ಡೈರೆಕ್ಟರ್ ಮಕ್ಕಳ ಕೈಗೆ ಎಟುಕುವಂತೆ ಕೆಳಗೆ ಇಳಿಸಿದ್ದ. ನನ್ನ ಕೋಟು ತೂಗುಹಾಕಿದರೆ ಅರ್ಧ ನೆಲದ ಮೇಲೆ ಬಿತ್ತು. ನನ್ನ ಮೇಜು ಕಿಟಕಿಯಿಂದ ಮೂಲೆಗೆ ಸರಿದಿತ್ತು, ಕಿಟಕಿಯ ಹತ್ತಿರ ಮಕ್ಕಳು ಬಣ್ಣ ಬಳಿಯುತ್ತಿದ್ದರು. ಚೆನ್ನಾಗಿಯೇ ಕಾಣುತ್ತಿತ್ತು, ಅದನ್ನೂ ಹೇಳಬೇಕು.

ಬ್ರೇಸ್ ಇಲ್ಲದೆ ವಾಕರ್ ಹಿಡಿಯಲಾಗದೆ ಅವಳು ಗಾಲಿಕುರ್ಚಿಯಲ್ಲಿ ಬಾಗಿಲಿಗೆ ಎದುರಾಗಿ ಕೂತಿದ್ದಳು. ನನ್ನನ್ನು ಕಂಡದ್ದೇ ಮುಖ ಅರಳಿತು. ಅಪ್ಪನ ಕಡೆ ತಿರುಗಿ “ಸೀ? ಐ ಟೋಲ್ಡ್ ಯೂ!” ಎಂದು ಗೆದ್ದವಳ ಹಾಗೆ ಕೂಗಿ, ಕೋಟು ಬಿಚ್ಚಲು ಶುರುಮಾಡಿದಳು. ಅಪ್ಪ ಅವಳನ್ನು ಕುರ್ಚಿಯಿಂದ ಚಾಪೆಗೆ ಇಳಿಸಿದ. ಎಡಗಾಲನ್ನು ಎತ್ತಿ ನನ್ನ ಮಡಿಲಿಗೆ ಹಾಕಲು ಕಾದಳು. ನಾನು ಮಂಡಿಯನ್ನು ಶಪಿಸುತ್ತ ಅವಳ ಪಕ್ಕ ಕೂತೆ. ಡೈರೆಕ್ಟರನೂ ಊರುಗೋಲುಗಳನ್ನು ಬದಿಗಿಟ್ಟು ಆ ಕಡೆ ಕೂತ. ಬ್ರೇಸುಗಳು ಅವನ ಹತ್ತಿರ ಇದ್ದವು.

ಆ ಪಾದ ಹಿಡಿದು ನೋಡಿದೆ. ಬೆರಳುಗಳು ಕೆಳಕ್ಕೆ ಬಾಗಿ ಸ್ನಾಯು ಹಗ್ಗದ ಹಾಗೆ ಬಿಗಿದಿತ್ತು. ಇಷ್ಟು ದಿನದಲ್ಲೇ ಇಷ್ಟಾಗಿದೆ. ನನ್ನ ಖುಷಿಯೆಲ್ಲ ಅಲ್ಲಿಗೆ ಇಳಿದುಹೋಯಿತು.

“ಪುಟ್ಟಿ, ನಾನು ಬ್ರೇಸ್ ಹಾಕೋಕೆ ಬಂದಿಲ್ಲ. ಒಂದು ಮಾತು ಹೇಳೋಕೆ ಬಂದೆ.” ಅವಳ ಪಾದವನ್ನು ಚಾಪೆಯ ಮೇಲೆ ಇಳಿಸಿದೆ. “ನಾನು ಹೋಗ್ತೀನಿ.”

“ವೇರ್?”

“ಮನೆಗೆ. ಇನ್ನು ಇಲ್ಲಿ ಕೆಲಸಕ್ಕೆ ಬರಲ್ಲ. ನಿನ್ನ ಕಾಲು ಇನ್ಮೇಲೆ ಇವರು ನೋಡ್ಕೋತಾರೆ.”

“ಬಟ್ ಯೂ ಸೆಡ್ ಬರ್ತೀನಿ.”

“ಅಂದೆ. ಈಗ ಹೋಗ್ತೀನಿ ಅಂತಿದೀನಿ.”

ಅವಳು ಅತ್ತಳು. ಬಾಯಿ ತೆರೆದು, ಸದ್ದು ಬರುವುದಕ್ಕೂ ಒಂದು ಕ್ಷಣ ತಡವಾಗುವಷ್ಟು ಜೋರಾಗಿ. ನಾನು ಎತ್ತಿಕೊಳ್ಳಲು ಬಗ್ಗಿದರೆ ನನ್ನ ಕೈ ತಳ್ಳಿದಳು. ಅಪ್ಪ ಬಾಗಿಲ ಹತ್ತಿರ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದ. ಡೈರೆಕ್ಟರ್ ಏನೂ ಮಾಡಲಿಲ್ಲ. ಸಮಾಧಾನ ಹೇಳಲಿಲ್ಲ, ಆಟಿಕೆ ಕೊಡಲಿಲ್ಲ, ಅಲ್ಲೇ ಕೂತಿದ್ದ ಅಷ್ಟೆ. ಅತ್ತು ಮುಗಿಯುವವರೆಗೆ ಜೊತೆಗೆ ಕೂರುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಹತ್ತು ಹಾಡು ಹೇಳಿರುತ್ತಿದ್ದೆ.

ಬಿಕ್ಕಳಿಕೆ ನಿಂತ ಮೇಲೆ ಅವಳು ತೋಳಿನಲ್ಲಿ ಮೂಗು ಒರೆಸಿಕೊಂಡು, ಸೊಂಟ ಎಳೆದುಕೊಂಡು ನಿಧಾನವಾಗಿ ಅವನ ಕಡೆ ತಿರುಗಿದಳು. ನನ್ನ ಮಡಿಲಿಗೆ ಬರಬೇಕಾಗಿದ್ದ ಕಾಲನ್ನು ಅವನ ಮಡಿಲಿಗೆ ಇಟ್ಟಳು. ಅವನು ಕಾಲು ನೀವತೊಡಗಿದ. ನಾನು ಮಾಡುವುದಕ್ಕಿಂತ ನಿಧಾನ, ನಾನು ಹಿಡಿಯುವ ರೀತಿಯೂ ಅಲ್ಲ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಎಳೆದು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡೆ. ಮೊದಲ ಬ್ರೇಸಿನ ಪಟ್ಟಿ ಬಿಗಿದ ಸದ್ದು ಕೇಳಿತು. ಎರಡನೆಯದಕ್ಕೆ ಅವಳೇ ಕಾಲು ಮುಂದೆ ಮಾಡಿದಳು.

ಆಮೇಲೆ ನನ್ನತ್ತ ನೋಡಿ, ನಾನಿನ್ನೂ ಅಲ್ಲೇ ಇರುವುದು ಯಾಕೆಂದು ತಿಳಿಯದವಳ ಹಾಗೆ, ಕನ್ನಡದಲ್ಲಿ ಹೇಳಿದಳು.

“ಹೋಗು ಅಜ್ಜಿ.”

ಅವಳಪ್ಪ ಗಾಬರಿಬಿದ್ದು ಓಡಿಬಂದ. “ಏ ಪುಟ್ಟಿ, ದೊಡ್ಡವರಿಗೆ ಹಂಗ ಅನ್ನಬಾರ್ದು! ಹೋಗಿ ಬಾ ಅನ್ನು. ಹೋಗಿ ಬಾ ಅಜ್ಜಿ ಅನ್ನು!”

“ಬೈಬೇಡಪ್ಪ. ಸರಿಯಾಗೇ ಹೇಳಿದಾಳೆ,” ಎಂದೆ.

ಅವನ ಕೈ ಹಿಡಿದು ಎದ್ದು, ನೆಲ ಗುಡಿಸುತ್ತಿದ್ದ ಕೋಟು ತೆಗೆದುಕೊಂಡು ಬಾಗಿಲವರೆಗೆ ಬಂದೆ. ಬಾಗಿಲು ತಳ್ಳುವಾಗ ಅಭ್ಯಾಸಬಲದಿಂದ ಆ ಹಳೆಯ ಮಾತು ತುಟಿಯವರೆಗೂ ಬಂತು. ನುಂಗಿಕೊಂಡು ಹೋದೆ.