ನಾಳೆ ಹಣ್ಣು ಹೇಳುತ್ತದೆ

ನಮ್ಮ ಬೀಗರ ಎರಡೂ ಕೈ ಒಬ್ಬನೇ ಮನುಷ್ಯನವು ಅಂದರೆ ಹೊಸಬರು ನಂಬುತ್ತಿರಲಿಲ್ಲ. ಎಡಗೈ ಗೋದಿಬಣ್ಣ. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಸುಟ್ಟ ಬದನೆಕಾಯಿಯ ಹಾಗೆ. ಆ ಕೈಯನ್ನು ಟೆಂಪೋದ ಕಿಟಕಿಯ ಮೇಲಿಟ್ಟು, ಕಮಲಾಪುರದ ಕೆಂಪು ಬಾಳೆ ಹೇರಿಕೊಂಡು ಕಲಬುರಗಿಗೆ ಬಂದು ಬಂದು, ಬಿಸಿಲು ಅದೊಂದನ್ನೇ ತಿಂದಿತ್ತು. ಊಟಕ್ಕೆ ಕೂತಾಗ ಆ ಕಪ್ಪು ಕೈ ನನ್ನ ಬಿಳಿ ಜೋಳದ ರೊಟ್ಟಿಯ ಮೇಲೆ ಬಂದರೆ ನನಗೆ ನಗು ತಡೆಯುತ್ತಿರಲಿಲ್ಲ.

ಅವರು ನನ್ನ ಮಗಳ ಮಾವ. ನಾನು ಕಲಬುರಗಿಯಲ್ಲಿ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬಾಳಿದವಳು. ಮೂರನೆಯ ಇಯತ್ತೆಗೇ ಶಾಲೆ ಬಿಟ್ಟೆ. ಬರಹ ಅಡ್ಡಾದಿಡ್ಡಿ ಹೋದರೆ ಓದುವವರು ತಾವೇ ನೆಟ್ಟಗೆ ಮಾಡಿಕೊಳ್ಳಬೇಕು. ಆದರೆ ಈ ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂಡುವುದು ನನ್ನಿಂದ ಆಗುತ್ತಿಲ್ಲ. ಮೊಮ್ಮಗಳ ಹೆಸರನ್ನು ಮೈಕಿನಲ್ಲಿ ಕೂಗಿದ್ದು ಕೇಳಿದ ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಅದನ್ನು ನನಗಿಂತ ಮೊದಲು ಕೇಳಬೇಕಾಗಿದ್ದ ಮನುಷ್ಯ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಬೀಗರಷ್ಟು ಸಾವಕಾಶವಾಗಿ ಗಾಡಿ ಹೊಡೆಯುವವರನ್ನು ಆ ರಸ್ತೆ ಕಂಡಿರಲಿಲ್ಲ. ಮಹಾಗಾಂವದ ಕ್ರಾಸಿನಲ್ಲಿ ಸೈಕಲ್ ಮೇಲಿನವರೂ ಅವರನ್ನು ದಾಟಿ ಹೋಗಿ, ತಿರುಗಿ ನೋಡಿ ಕೈ ಬೀಸುತ್ತಿದ್ದರಂತೆ. ಬೀಗರನ್ನು ಕಾಡದಿದ್ದರೆ ಬೀಗತನ ಎಂಥದ್ದು? ನಾನೂ ಬಿಡುತ್ತಿರಲಿಲ್ಲ.

“ಬೀಗರ, ನಿಮ್ಮ ಗಾಡಿಯಾಗ ಕಾಯಿ ಹೇರಿದ್ರ ಕಲಬುರ್ಗಿ ಮುಟ್ಟೂದ್ರಾಗ ಹಣ್ಣಾಗಿರ್ತಾವ.”

“ಆಗ್ಲಿ ಬಿಡ್ರಿ ಅಕ್ಕೋರ, ಹಣ್ಣ ಮಾಡೂ ತ್ರಾಸ ಉಳೀತು,” ಅನ್ನುತ್ತಿದ್ದರು.

ಟೆಂಪೋ ಹತ್ತುವ ಮುಂಚೆ ಚಪ್ಪಲಿ ಬಿಡುತ್ತಿದ್ದರು, ಗುಡಿಗೆ ಹೋದವರ ಹಾಗೆ. ಬ್ರೇಕಿನ ಮೇಲೆ ಬರಿಗಾಲೇ ಇರಬೇಕು, ಚಪ್ಪಲಿಗೆ ಏನೂ ತಿಳಿಯುವುದಿಲ್ಲ ಎಂಬುದು ಅವರ ವಾದ. ಕೆಂಪು ಬಾಳೆಯ ಸಿಪ್ಪೆ ಬಹಳ ನಾಜೂಕು. ಗೊನೆಗಳ ನಡುವೆ ಒಣಗಿದ ಬಾಳೆಲೆ ತುರುಕಿದರೂ, ಗಾಡಿ ಒಮ್ಮೆ ಧಡಕ್ ಅಂದರೆ ಒಳಗೆ ಪೆಟ್ಟು ಬೀಳುತ್ತದೆ. ಇಳಿಸುವಾಗ ಏನೂ ಕಾಣುವುದಿಲ್ಲ. ಮರುದಿನ ಬೆಳಿಗ್ಗೆ ಅಲ್ಲೊಂದು ಇಲ್ಲೊಂದು ಕರೀ ಕಲೆ ಏಳುತ್ತದೆ. ಬೀಗರ ಮಾತೊಂದೇ: “ಇವತ್ತು ಹೆಂಗ ಹೊಡ್ದೀನಿ ಅನ್ನೂದು ನಾಳಿ ಹಣ್ಣ ಹೇಳ್ತದ.”

ಮೊಮ್ಮಗಳು ಕಾಲೇಜಿಗೆಂದು ನನ್ನ ಮನೆಯಲ್ಲಿ ಉಳಿದಿದ್ದಳು. ಅವಳಿಗೆ ಮೊಬೈಲಿನಲ್ಲಿ ಗಾಡಿ ರೇಸು ನೋಡುವ ಹುಚ್ಚು. ಬೀಗರು ಹಣ್ಣು ಇಳಿಸಿ ಬಂದು, ಝುಣಕ ರೊಟ್ಟಿ ತಿಂದು, ಅವಳ ಪಕ್ಕ ಹೊರಸಿನ ಮೇಲೆ ಕೂತರೆ ಮುತ್ಯಾ ಮೊಮ್ಮಗಳ ವಾದ ಸುರುವಾಗುತ್ತಿತ್ತು. ಯಾವ ರೇಸಿನವನು ದೊಡ್ಡ ಡ್ರೈವರ್? ಜಗತ್ತು ಅದನ್ನು ಹೇಗೆ ಅಳೆಯುತ್ತದೋ ನನಗೆ ಗೊತ್ತಿಲ್ಲ. ಬೀಗರು ಅಳೆಯುತ್ತಿದ್ದದ್ದು ಒಂದೇ ರೀತಿ: ಇವನ ಗಾಡಿಯಲ್ಲಿ ಬಾಳೆಗೊನೆ ಹೇರಿದ್ದರೆ ಏನಾಗುತ್ತಿತ್ತು?

ಮಣ್ಣಿನ ದಿಬ್ಬದ ಮೇಲಿಂದ ಬೈಕು ಹಾರಿಸುವವರನ್ನು ಕಂಡು, ಹಣ್ಣೆಲ್ಲ ಸೀಕರಣಿ ಆಯಿತು, ಬಟ್ಟಲು ತನ್ನಿ ಅಂದರು. ಆದರೆ ಸ್ವಲ್ಪ ಹೊತ್ತು ನೋಡಿ, ಆ ಹುಡುಗ ಮೊಣಕಾಲಿನಿಂದಲೇ ಸ್ಪ್ರಿಂಗಿನ ಕೆಲಸ ಮಾಡುತ್ತಿದ್ದಾನೆ, ಮೈಯೇ ಗಾಡಿ ಆಗಬೇಕು ಅಲ್ಲಿ, ತಮ್ಮಂಥ ಹೊಟ್ಟೆಯವರಿಗಲ್ಲ ಎಂದು ಒಪ್ಪಿಕೊಂಡರು. ಎರಡು ಗಾಡಿ ಜೋಡಿ ನಿಂತು ನೇರ ದಾರಿಯಲ್ಲಿ ಬಾಣದಂತೆ ಬಿಡುವ ರೇಸಿನಲ್ಲಿ ಹಣ್ಣೆಲ್ಲ ಹಿಂದಿನ ಹಲಗೆಗೆ ಬಡಿಯಿತಂತೆ. ಅದರಲ್ಲಿ ಇರುವುದೆಲ್ಲ ಕ್ಲಚ್ ಬಿಡುವ ಒಂದು ಗಳಿಗೆ. ಅದು ತಪ್ಪಿದರೆ ತಿದ್ದಿಕೊಳ್ಳಲು ಜಾಗವೇ ಇಲ್ಲ. ಅದೂ ಸುಲಭವಲ್ಲ ಅಂದರು.

ಡಾಂಬರಿನ ಸುತ್ತುದಾರಿಯ ರೇಸೇ ಎಲ್ಲಕ್ಕಿಂತ ದೊಡ್ಡದು ಎಂಬುದು ಮೊಮ್ಮಗಳ ಹಟ. ಬೀಗರು ಬಹಳ ಹೊತ್ತು ನೋಡಿದರು. ಅಷ್ಟು ಜೋರಿನಲ್ಲೂ ಅವನ ಹಣ್ಣಿಗೆ ಏನೂ ಆಗುವುದಿಲ್ಲ ಎಂದರು. ನನಗೆ ಆಶ್ಚರ್ಯವಾಯಿತು. ಅದೇ ತಿರುವನ್ನು ಪ್ರತಿ ಸುತ್ತಿಗೂ ಕೂದಲು ಆಚೀಚೆ ಆಗದಂತೆ ತಿರುಗಿಸುವುದು ನಿಮ್ಮ ಆಯಿ ರೊಟ್ಟಿ ಬಡಿದಂತೆ, ನೂರನೆಯದೂ ಮೊದಲಿನದರ ಹಾಗೆಯೇ ಇರಬೇಕು ಅಂದರು. ನನ್ನ ಕೆಲಸವನ್ನು ಯಾರೂ ಹಾಗೆ ಹೊಗಳಿರಲಿಲ್ಲ. ಅವತ್ತು ಇನ್ನೊಂದು ರೊಟ್ಟಿ ಹಾಕಿದೆ.

ಕೊನೆಗೆ ಅವರ ಮನಸ್ಸು ನಿಂತದ್ದು ಮಣ್ಣುದಾರಿಯ ರ‍್ಯಾಲಿಯ ಮೇಲೆ. ಅಲ್ಲಿ ಒಬ್ಬನು ಹೊಡೆಯುತ್ತಾನೆ, ಪಕ್ಕದವನು ಮುಂದಿನ ತಿರುವು ಓದಿ ಹೇಳುತ್ತಾನೆ.

“ಡಾಂಬರಿನಾಂವಗ ದಾರಿ ಪರಿಚಯ ಇರ್ತದವ್ವ. ಇವನಿಗೆ ಮಣ್ಣ ಹೆಜ್ಜಿಗೊಮ್ಮೆ ಬ್ಯಾರೆ. ಕಾಲಿಗೆ ಗೊತ್ತಾಗಬೇಕು. ಮತ್ತ ನೋಡು, ಧೂಳ ಎಬ್ಬಿಸಿದಷ್ಟೂ ಟೈಮ ಹಾಳ. ಗಾಲಿ ತಿರುಗತದ, ಗಾಡಿ ಹೋಗಂಗಿಲ್ಲ.”

ಇದೆಲ್ಲ ಹೊರಸಿನ ಮೇಲಿನ ಹರಟೆ ಎಂದುಕೊಂಡಿದ್ದೆ. ಚಳಿಗಾಲದಲ್ಲಿ, ಮೊಮ್ಮಗಳು ರಜೆಗೆ ಕಮಲಾಪುರಕ್ಕೆ ಹೋಗಿದ್ದಾಗ, ಮಗಳ ಫೋನು ಬಂತು. ಬೇಸಿಗೆಗೆ ತಾಜಸುಲ್ತಾನಪುರದ ಕಡೆ ಬಯಲಿನಲ್ಲಿ ಮಣ್ಣಿನ ಮೇಲೆ ಕಾರು ರೇಸು ಇದೆಯಂತೆ, ಒಂದೊಂದೇ ಕಾರು ಬಿಟ್ಟು ಟೈಮು ಹಿಡಿಯುತ್ತಾರಂತೆ, ಅದಕ್ಕೆ ನಮ್ಮ ಹುಡುಗಿ ಹೆಸರು ಕೊಡುತ್ತಾಳಂತೆ. ಲೈಸೆನ್ಸ್ ಬಂದಾಗಿನಿಂದ ರಜೆಗೆ ಹೋದಾಗಲೆಲ್ಲ ಬೀಗರೇ ತಮ್ಮ ಬೀಳು ಹೊಲದಲ್ಲಿ ಟೆಂಪೋ ಕೊಟ್ಟು ಕಲಿಸಿದ್ದಾರೆ. ನನ್ನ ಕೈಯಲ್ಲಿದ್ದ ಹಿಟ್ಟಿನ ಮುದ್ದೆ ನೆಲಕ್ಕೆ ಬಿತ್ತು. ಮಗಳು ಮಾವನ ಎದುರು ಬೇಡ ಅನ್ನಲಾರದೆ ನನ್ನ ಮೇಲೆ ಹಾಕಿದ್ದಳು: ಆಯಿ ಹೂಂ ಅಂದರೆ ಹೋಗು, ಇಲ್ಲದಿದ್ದರೆ ಇಲ್ಲ.

ಮರುದಿನವೇ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಬೀಗರೆಂಬ ಮರ್ಯಾದೆಯನ್ನು ಬದಿಗಿಟ್ಟು, ಜಗತ್ತಿನಲ್ಲೆಲ್ಲ ಸಾವಕಾಶ ಹೋಗುವ ನೀವು ನನ್ನ ಮೊಮ್ಮಗಳನ್ನು ಸಾಯಲು ಕಲಿಸುತ್ತೀರಾ ಎಂದು ಬೈದೆ. ಅವರು ಸಿಟ್ಟಾಗಲಿಲ್ಲ. ಮನೆಗೆಂದು ನಾನು ತಂದ ಖಡಕ್ ರೊಟ್ಟಿಯ ಗಂಟಿನ ಕಡೆ ನೋಡಿದರು.

“ಅದನ್ನ ತೊಡಿ ಮ್ಯಾಲ ಇಟಗೊಂಡು ಗಾಡಿಯಾಗ ಕೂಡ್ರಿ ಅಕ್ಕೋರ. ಒಂದ ರೊಟ್ಟಿ ಮುರದ್ರೂ ಆಕಿ ಹೋಗಂಗಿಲ್ಲ. ನಾ ಮಾತ ಕೊಟ್ಟೆ.”

ಖಡಕ್ ರೊಟ್ಟಿ ಅಂದರೆ ಹಪ್ಪಳವಿದ್ದಂತೆ. ಜೋರಾಗಿ ಉಸಿರು ಬಿಟ್ಟರೆ ಅಂಚು ಮುರಿಯುತ್ತದೆ. ಗೆದ್ದೆ ಎಂದುಕೊಂಡು ಕೂತೆ.

ಮೊದಲು ಅವರೇ ಹೊಡೆದರು. ಚಪ್ಪಲಿ ಬಿಟ್ಟರು, ಕೂತರು, ಬಿಟ್ಟರು. ದೇವರೇ, ಅದು ಬೇರೆಯೇ ಮನುಷ್ಯ. ಬದುವಿನ ಬೇವಿನ ಮರ ನಮ್ಮ ಮೈಮೇಲೆ ಬಂದು ಪಕ್ಕಕ್ಕೆ ಸರಿದು ಹೋಯಿತು. ಕೆಂಪು ಹೊಲ ಚಕ್ಕಡಿಯ ಗಾಲಿಯಂತೆ ತಿರುಗಿತು. ಸೈಕಲ್ಲಿನವರು ದಾಟುತ್ತಿದ್ದ ಬೀಗರು ಇವರೇನಾ ಎಂದು ನಾನು ಬಾಯಿ ತೆರೆದವಳು ಗಾಡಿ ನಿಂತ ಮೇಲೂ ಮುಚ್ಚಲಿಲ್ಲ. ಇಷ್ಟು ಬರುತ್ತಿದ್ದೂ ಇಷ್ಟು ದಿನ ಯಾಕೆ ಹಾಗೆ ಹೊಡೆದಿರಿ ಎಂದು ಕೇಳಿದೆ.

“ರಸ್ತಾ ಎಲ್ಲಾರದೂ ಅದರೀ. ಸಾಲಿ ಮಕ್ಕಳದು, ಎಮ್ಮಿದು, ಕುಡದು ಬರಾವಂದೂ ಅದ. ಬರ್ತದ ಅಂತ ಅಲ್ಲಿ ತೋರಿಸಬಾರದು. ರೇಸಿನ ಬಯಲಾಗ ಎದುರಿಗೆ ಎಮ್ಮಿ ಬರಂಗಿಲ್ಲ.”

ಇಷ್ಟು ಹೇಳಿ ಕೆಳಗಿಳಿದು ಬದುವಿನ ಮೇಲೆ ನಿಂತರು. ಮೊಮ್ಮಗಳು ಚಪ್ಪಲಿ ಬಿಟ್ಟು ಸ್ಟೇರಿಂಗಿಗೆ ಬಂದಳು. ನಾನು ಕಣ್ಣು ಮುಚ್ಚಿಕೊಂಡೆ. ಅವರು ತಿರುಗಿಸಿದ ಹಾಗೆಯೇ ತಿರುಗಿತು. ಯಾರು ಹೊಡೆಯುತ್ತಿದ್ದಾರೆ ಎಂದು ಕಣ್ಣು ಮುಚ್ಚಿದವಳಿಗೆ ತಿಳಿಯುವಂತಿರಲಿಲ್ಲ. ನಿಂತ ಮೇಲೆ ಗಂಟು ಬಿಚ್ಚಿದೆವು. ಒಂದು ರೊಟ್ಟಿ ಮುರಿದಿತ್ತು.

ಹುಡುಗಿಯ ಮುಖ ಬಾಡಿತು. ಬೀಗರು ಗಾಡಿಯ ಕೀಲಿ ತೆಗೆದು ಕಿಸೆಗೆ ಹಾಕಿಕೊಂಡರು, ಮಾತು ಕೊಟ್ಟವರಲ್ಲವೇ. ಆದರೆ ನಾನು ಆಯುಷ್ಯವೆಲ್ಲ ರೊಟ್ಟಿ ನೋಡಿದವಳು. ಮುರಿದದ್ದು ಮೇಲಿನ ರೊಟ್ಟಿ. ಮುರಿದ ಜಾಗದಲ್ಲಿ ನನ್ನ ಹೆಬ್ಬೆರಳು ಸರಿಯಾಗಿ ಕೂಡುತ್ತಿತ್ತು. ಧಕ್ಕೆಗೆ ಮುರಿದಿದ್ದರೆ ಕೆಳಗಿನವು ಮೊದಲು ಮುರಿಯಬೇಕಿತ್ತು. ಹೆದರಿ ಒತ್ತಿ ಹಿಡಿದವಳು ನಾನೇ.

“ಇದು ಆಕಿ ಮುರದದ್ದಲ್ಲ, ಬೀಗರ,” ಅಂದೆ. “ಹೋಗ್ಲಿ ಆಕಿ.”

ಅವರು ಮುರಿದ ರೊಟ್ಟಿಯನ್ನು ಅಲ್ಲೇ ಬದುವಿನ ಮೇಲೆ ಕೂತು ತಿಂದುಬಿಟ್ಟರು.

ಹೋಳಿ ಕಳೆದು ಸ್ವಲ್ಪ ದಿನಕ್ಕೆ, ಮಧ್ಯಾಹ್ನ ಉಂಡು ಮಲಗಿದ ಬೀಗರು ಏಳಲಿಲ್ಲ. ಸುದ್ದಿ ಬಂದಾಗ ನನಗೆ ಅಳುವೂ ಬರಲಿಲ್ಲ. ಸಾವಕಾಶದ ಮನುಷ್ಯ ಇಷ್ಟು ಅವಸರ ಮಾಡಿದ್ದಾದರೂ ಹೇಗೆ ಎಂದುಕೊಂಡೇ ಬಸ್ಸು ಹತ್ತಿದೆ. ಅವರನ್ನು ಮಲಗಿಸಿದ್ದಾಗ ಎರಡೂ ಕೈ ಎದೆಯ ಮೇಲಿದ್ದವು, ಒಂದು ಬೆಳ್ಳಗೆ, ಒಂದು ಕರ್ರಗೆ.

ಮೊಮ್ಮಗಳು ರೇಸು ಒಲ್ಲೆ ಅಂದಳು. ಮುತ್ಯಾ ಇಲ್ಲದೆ ಯಾರಿಗೆ ತೋರಿಸಲಿ ಎಂದಳು. ಆಗ ಬೈದು ಎಬ್ಬಿಸಿದವಳು, ಬೇಡ ಬೇಡ ಅಂದಿದ್ದ ಈ ನಾನೇ.

“ಅವರ ಮುಂದ ಹೂಂ ಅಂದೀನಿ. ಈಗ ಯಾರ ಹಂತೇಲಿ ಹೋಗಿ ಇಲ್ಲ ಅನ್ಲಿ? ಏಳು.”

ರೇಸಿನ ಹಿಂದಿನ ದಿನ ಅಕಾಲ ಮಳೆ ಬಂದು ಹೋಗಿತ್ತು. ಬೆಳಿಗ್ಗೆ ಬಿಸಿಲಿಗೆ ಬಯಲೆಲ್ಲ ಒಣಗಿದಂತೆ ಕಾಣುತ್ತಿತ್ತು. ಗಾಡಿ ಬಿಡುವ ಮುಂಚೆ ಎಲ್ಲರೂ ದಾರಿಯನ್ನು ನಡೆದು ನೋಡಬಹುದು. ಉಳಿದವರು ಬೂಟು ಹಾಕಿಕೊಂಡು ನಡೆದರು. ನಮ್ಮ ಹುಡುಗಿ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆದಳು. ನನ್ನ ಹಿಂದೆ ನಿಂತವನೊಬ್ಬ, ಹೊಲ ಖರೀದಿಗೆ ಬಂದಾಳೇನು ಈಕಿ ಅಂದ; ಸುತ್ತಲಿನವರು ನಕ್ಕರು. ದಾರಿಗೆ ಬಹಳಷ್ಟು ಕಡೆ ನೀರು ನಿಲ್ಲದ ಮುರುಮು ಕಲ್ಲುಪುಡಿ ಹಾಕಿದ್ದರು, ಕೊನೆಯ ತಿರುವಿನಲ್ಲಿ ಮಾತ್ರ ಬರೀ ಎರೆಮಣ್ಣು. ಅಲ್ಲಿ ಅವಳು ನಿಂತು, ಹಿಮ್ಮಡಿಯಿಂದ ಒತ್ತಿ ನೋಡಿದ್ದು ಕಂಡೆ.

ಒಂದೊಂದೇ ಕಾರು ಹೋಯಿತು. ಧೂಳು ಮುಗಿಲಿಗೆ ಏಳುತ್ತಿತ್ತು, ಜನ ಸೀಟಿ ಹಾಕುತ್ತಿದ್ದರು. ಕೊನೆಯ ತಿರುವಿಗೆ ಬಂದರೆ ಮೇಲೆ ಒಣಗಿ ಒಳಗೆ ಹಸಿಯಾಗಿದ್ದ ಎರೆ, ಕಾರನ್ನು ಸಾಬೂನಿನಂತೆ ಜಾರಿಸುತ್ತಿತ್ತು. ಜನಕ್ಕೆ ಅದೂ ಮಜಾ. ನಮ್ಮವಳ ಸರದಿ ಬಂತು. ಗೆಳತಿಯ ಅಣ್ಣನ ಹಳೆಯ ಕಾರು. ಧೂಳೂ ಇಲ್ಲ, ಗದ್ದಲವೂ ಇಲ್ಲ. ಕೊನೆಯ ತಿರುವಿಗೆ ಮುಂಚೆಯೇ ಮೆತ್ತಗಾಗಿ, ಬಸ್ಸು ಸ್ಟ್ಯಾಂಡಿಗೆ ಬಂದಂತೆ ತಿರುಗಿ ಬಂದಳು. ಒಬ್ಬರೂ ಸೀಟಿ ಹಾಕಲಿಲ್ಲ. ನಾನು ಸೆರಗು ಮುಖಕ್ಕೆ ಹಿಡಿದುಕೊಂಡೆ. ಬೀಗರ ಟೆಂಪೋ ಬಂದಂತೆ ಬಂತಲ್ಲ, ಸೋತಳು ನನ್ನ ಕೂಸು ಎಂದುಕೊಂಡೆ.

ಮೈಕಿನವನು ಟೈಮು ಓದಿದ. ಮತ್ತೊಮ್ಮೆ ಓದಿದ. ನನಗೆ ಲೆಕ್ಕ ತಿಳಿಯಲಿಲ್ಲ. ಹೊಲ ಖರೀದಿ ಎಂದಿದ್ದವನು ನನ್ನ ಭುಜ ಮುಟ್ಟಿ, “ಅವ್ವಾ, ಈಕಿ ಎಲ್ಲಾರ್ಕಿಂತ ಮುಂದ ಅದಾಳ,” ಅಂದ. ನಾನು ಸೆರಗು ಸರಿಸಿ ನೋಡಿದೆ. ಆಮೇಲೆ ಬಂದವರು ಯಾರೂ ಅವಳನ್ನು ಹಿಂದೆ ಹಾಕಲಿಲ್ಲ. ಹೆಸರು ಕೂಗಿದಾಗ ಅವಳು ಮೇಲೆ ಹೋದದ್ದೂ ಬರಿಗಾಲಲ್ಲೇ.

ಮರುದಿನ ಬೆಳಿಗ್ಗೆ ಅವಳು ಜಳಕ ಮಾಡಿ ತಲೆ ಒರೆಸಿಕೊಳ್ಳುತ್ತಾ ಒಲೆಯ ಮುಂದೆ ಬಂದು ಕೂತಳು. ನಾನು ರೊಟ್ಟಿ ಬಿಟ್ಟು ಎದ್ದೆ. ಅವಳ ತೋಳು ಹಿಡಿದು ಬೆಳಕಿಗೆ ತಿರುಗಿಸಿದೆ. ಬೆಲ್ಟು ಬಿಗಿದಿದ್ದ ಹೆಗಲು ನೋಡಿದೆ, ಮೊಣಕೈ ನೋಡಿದೆ, ಮೊಣಕಾಲು ನೋಡಿದೆ. ಏನ ಹುಡುಕ್ತೀ ಆಯಿ ಎಂದು ಅವಳು ನಗುತ್ತಿದ್ದಳು.

ಎಲ್ಲಿಯೂ ಒಂದು ಕರೀ ಕಲೆ ಇರಲಿಲ್ಲ.