ಅಪ್ಪನ ಪಾದರಸ

ಅಪ್ಪನ ಸಿಟ್ಟು ಬಸವಕಲ್ಯಾಣದಿಂದ ಹುಮನಾಬಾದದವರೆಗೆ ಎಲ್ಲರಿಗೂ ಗೊತ್ತಿತ್ತು. ಅವನು ಸರಕಾರಿ ಬಸ್ಸಿನ ಡ್ರೈವರ್. ಬಸವಕಲ್ಯಾಣ ಬಿಟ್ಟು ಹುಮನಾಬಾದ, ಹಳ್ಳಿಖೇಡ ದಾಟಿ ಬೀದರಕ್ಕೆ ಹೋಗಿ ಬರುವ ಗಾಡಿ ಅವನದು. ಕಬ್ಬಿನ ಹಂಗಾಮಿನಲ್ಲಿ ಹಳ್ಳಿಖೇಡದ ಹತ್ತಿರ ಟ್ರ್ಯಾಕ್ಟರಿನವರು ದಾರಿ ಬಿಡದಿದ್ದರೆ ಬಸ್ಸನ್ನು ರಸ್ತೆಯ ನಡುವೆಯೇ ನಿಲ್ಲಿಸಿ, ಕೆಳಗಿಳಿದು ಹೋಗಿ ಕೊರಳಪಟ್ಟಿ ಹಿಡಿಯುತ್ತಿದ್ದ. ಪ್ರಯಾಣಿಕರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದರು. ಅವರಿಗೆ ಅದು ಪುಕ್ಕಟೆ ತಮಾಷೆ.

ಮನೆಯಲ್ಲಿ ತಮಾಷೆ ಇರಲಿಲ್ಲ. ಅಂಗಳದಲ್ಲಿ ಬೂಟಿನ ಸಪ್ಪಳ ಕೇಳಿದ ಕೂಡಲೇ ಅವ್ವ ರೇಡಿಯೋ ಬಂದ್ ಮಾಡುತ್ತಿದ್ದಳು. ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚಾದ ದಿನ ತಾಟು ಗೋಡೆಗೆ ಹೋಗುತ್ತಿತ್ತು. ನಮ್ಮ ಮನೆಯ ಮೂರು ಸ್ಟೀಲ್ ತಾಟುಗಳ ಅಂಚು ಇವತ್ತಿಗೂ ನೆಗ್ಗಿವೆ. ನನ್ನನ್ನು ಅವನು ಹೊಡೆದದ್ದು ಎರಡೇ ಸಲ, ಹೊಡೆದಾನು ಎಂಬ ಭಯ ಮಾತ್ರ ದಿನಾಲೂ. ನನ್ನನ್ನು ಕರೆಯುವುದು "ಏ ಹುಡುಗಿ" ಎಂದು, ಅಷ್ಟೆ. ಆ ಸಿಟ್ಟು ನನಗೂ ಬಂದಿದೆ. ಹುಮನಾಬಾದಕ್ಕೆ ಮದುವೆಯಾಗಿ ಬಂದು ಅಲ್ಲಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನನ್ನ ಕೈಯ ಸೀಮೆಸುಣ್ಣ ಎಷ್ಟು ಸಲ ಹಿಂದಿನ ಬೆಂಚಿಗೆ ಹಾರಿದೆ ಎಂದು ಮಕ್ಕಳನ್ನೇ ಕೇಳಬೇಕು.

ನಿವೃತ್ತಿಯ ದಿನ ಡಿಪೋದಲ್ಲಿ ಅಪ್ಪನಿಗೆ ಹಾರ ಹಾಕಿದರು. ಹಿಂದೆ ನಿಂತವರಲ್ಲಿ ಯಾರೋ "ಪೀಡಾ ಹೋತು" ಅಂದದ್ದು ಅವನ ಕಿವಿಗೆ ಬಿತ್ತು. ಅವನು ತಿರುಗಿ ನೋಡಲಿಲ್ಲವಂತೆ. ಮನೆಗೆ ಬಂದು ಹಾರವನ್ನು ಗೂಟಕ್ಕೆ ಹಾಕಿ, ಎರಡು ದಿನ ಯಾರ ಜೊತೆಯೂ ಮಾತಾಡದೆ ಮಲಗಿದ. ಈ ಸಂಗತಿ ಅವ್ವ ನನಗೆ ಹೇಳಿದ್ದು ಬಹಳ ತಡವಾಗಿ.

ಅದಾದ ಮೇಲೆ ಮೊಣಕಾಲು ನೋವಿಗೆ ಔಷಧ ಕೇಳಲು ಮಂಠಾಳದ ಒಬ್ಬ ಮುದಿ ವೈದ್ಯರ ಹತ್ತಿರ ಹೋದ. ಅವರು ಭಸ್ಮ, ಲೇಹ್ಯ ಮಾಡುವವರು. ಅವರ ಮನೆತನಕ್ಕೆ ರಸವಿದ್ಯೆಯ ಹುಚ್ಚು. ಪಾದರಸವನ್ನು ಶುದ್ಧ ಮಾಡಿ, ಗಟ್ಟಿಯಾಗಿಸಿ, ಲಿಂಗದ ಆಕಾರದಲ್ಲಿ ಕಟ್ಟುವ ವಿದ್ಯೆ ಅದು. ಹಾಗೆ ಕಟ್ಟಿದ ರಸ ಪರುಷವಾಗುತ್ತದೆ, ಮುಟ್ಟಿದ ಕಬ್ಬಿಣ ಬಂಗಾರವಾಗುತ್ತದೆ ಎಂದು ನಂಬುವವರಿದ್ದಾರೆ. ನಮ್ಮೂರಿನವರಿಗೆ ಪರುಷದ ಮಾತು ಹೊಸದಲ್ಲ. ಶರಣರು ಕೂಡುತ್ತಿದ್ದರು ಎನ್ನುವ ಪರುಷಕಟ್ಟೆಯ ಮುಂದಿನಿಂದಲೇ ನಾವು ಕಾಯಿಪಲ್ಲೆ ತರಲು ಹೋಗುತ್ತಿದ್ದೆವು. ಆದರೆ ಆ ವಿದ್ಯೆ ತನಗೂ ಕಲಿಸಿರೆಂದ ಅಪ್ಪನಿಗೆ ವೈದ್ಯರು ಹೇಳಿದ್ದು ಬೇರೆ. ಅಪ್ಪ ಆ ಮಾತನ್ನು ನಮಗೆ ಅದೆಷ್ಟು ಸಲ ಒಪ್ಪಿಸಿದನೋ.

"ಬಂಗಾರ ಗಿಂಗಾರ ಮರೀರಿ ಡ್ರೈವರ್ ಸಾಹೇಬ್ರ. ರಸ ಕಟ್ಟಾಂವ ಮೊದಲ ತಾ ಗಟ್ಟಿ ಆಗಬೇಕು. ಒಂದು ಮಂಡಲ, ನಾಲ್ವತ್ತೆಂಟು ದಿವಸ, ಸಿಟ್ಟಿಲ್ಲದ ಅರೀರಿ. ನಡುವ ಸಿಟ್ಟು ಬಂತಂದ್ರ ಅವತ್ತ ಖಲಬತ್ತ ಮುಟ್ಟಬ್ಯಾಡ್ರಿ, ಮರುದಿನ ಮತ್ತ ಒಂದನೇದರಿಂದ ಹಿಡೀರಿ. ಬಾಯಿಂದ ಹೊರಗ ಬರಲಿ, ಬಿಡಲಿ. ಒಳಗ ಬಂದ್ರೂ ಅದು ಬಂದಂಗೇ."

ಹಿಂದಿನ ಖೋಲಿಯಲ್ಲಿ ಅಪ್ಪನ ಕೆಲಸ ಶುರುವಾಯಿತು. ಕಲ್ಲಿನ ಖಲಬತ್ತದಲ್ಲಿ ಪಾದರಸ ಹಾಕಿ, ಬೆಳ್ಳುಳ್ಳಿ ಮತ್ತು ಸೈಂಧವ ಲವಣ ಸೇರಿಸಿ ತಾಸುಗಟ್ಟಲೆ ಅರೆಯುವುದು, ಬೆಳ್ಳುಳ್ಳಿ ಕಪ್ಪಾದ ಮೇಲೆ ತೊಳೆಯುವುದು, ಸಂಜೆ ಕೆಂಡದ ಮೇಲೆ ಸ್ವಲ್ಪ ಕಾಯಿಸುವುದು. ರಸ ಹಾರಿ ಹೋದೀತೆಂದು ಕಿಟಕಿ ಮುಚ್ಚಿರುತ್ತಿದ್ದ. ಸಿಟ್ಟಿಲ್ಲದೆ ಕಳೆದ ಪ್ರತಿ ದಿನಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೆರೆ. ಸಿಟ್ಟು ಬಂದ ದಿನ ಆ ಸಾಲು ಮುಗಿಯಿತು, ಅದರ ಕೆಳಗೆ ಹೊಸ ಸಾಲು.

ಮೊದಮೊದಲು ಸಾಲುಗಳು ನಗು ಬರುವಷ್ಟು ಗಿಡ್ಡ. ಎರಡು ಗೆರೆ, ಒಂದು ಗೆರೆ, ಮೂರು ಗೆರೆ. ಹಾಲಿಗೆ ನೀರು ಬೆರೆಸಿದವನ ಮೇಲೆ ಅಪ್ಪ ಕೂಗಾಡಿದ ಬೆಳಿಗ್ಗೆ ಅವ್ವ ನನಗೆ ಫೋನು ಮಾಡಿ, "ಇವತ್ತಿಂದು ಗೆರಿ ಹಾಲಿನಾಂವ ಒಯ್ದ ನೋಡು" ಎಂದು ಮುಸಿಮುಸಿ ನಕ್ಕಳು. ಅಪ್ಪನ ವಿಷಯಕ್ಕೆ ಅವ್ವ ನಕ್ಕದ್ದನ್ನು ನಾನು ಕೇಳಿದ್ದು ಅದೇ ಮೊದಲು.

ವರ್ಷ ಕಳೆಯುವುದರೊಳಗೆ ಸಾಲುಗಳು ಉದ್ದವಾದವು. ನಾನು ತವರಿಗೆ ಹೋದಾಗ ಅಪ್ಪ ಬಾಗಿಲಿಗೆ ಬಂದು, "ಬಾ ಅವ್ವಾ, ಉಂಡಿ ಏನು?" ಅಂದ. ನಾನು ಚಪ್ಪಲಿ ಬಿಡುವುದನ್ನು ಮರೆತು ನಿಂತೆ. ನಲವತ್ತು ದಾಟಿದ ಹೆಂಗಸಿಗೆ ತಂದೆ ಮೊದಲ ಸಲ ಅವ್ವಾ ಎಂದು ಕರೆದರೆ ಏನಾಗುತ್ತದೆ ಎಂದು ಹೇಳುವುದು ಕಷ್ಟ. ಬಚ್ಚಲಿಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ಅತ್ತೆ.

ಮುಂದೆ ಆ ವೈದ್ಯರು ತೀರಿಕೊಂಡರು. ಅಪ್ಪನಿಗೆ ಪಾದರಸ ಸಿಗುವ ದಾರಿ ಮುಚ್ಚಿತು. ತೊಳೆದೂ ತೊಳೆದೂ ಅವನ ಹತ್ತಿರ ಉಳಿದಿದ್ದದ್ದು ಒಂದು ಚಮಚೆಯಷ್ಟು. "ನಿಮ್ಮ ಸಾಲ್ಯಾಗ ಇರ್ತದೇನು ಅವ್ವಾ?" ಎಂದು ಕೇಳಿದ. ಇತ್ತು. ಪ್ರಯೋಗಾಲಯದ ಕಪಾಟಿನ ಮೂಲೆಯಲ್ಲಿ, ಎಷ್ಟೋ ವರ್ಷಗಳಿಂದ ಯಾರೂ ಮುಟ್ಟದ ಒಂದು ಬಾಟಲಿ ಇತ್ತು. ಅದನ್ನು ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿ, ಅಪ್ಪನ ಕೈಗೆ ಕೊಟ್ಟವಳು ನಾನು. ಪಾದರಸದ ಆವಿ ವಿಷ ಎಂದು ಪ್ರತಿ ವರ್ಷ ಮಕ್ಕಳಿಗೆ ಬರೆಸುವವಳೂ ನಾನೇ. "ಕಿಟಕಿ ತೆರೆದ ಇಡ್ರಿ ಅಪ್ಪಾ" ಅಂದೆ, ಅವನು ಹೂಂ ಅಂದ. ತೆರೆದನೋ ಇಲ್ಲವೋ ಎಂದು ನಾನು ಒಮ್ಮೆಯೂ ಎದ್ದು ಹೋಗಿ ನೋಡಲಿಲ್ಲ. ನನಗೆ ಆ ಹೊಸ ಅಪ್ಪ ಬೇಕಾಗಿದ್ದ, ಅವನನ್ನು ಕಳೆದುಕೊಳ್ಳುವ ಧೈರ್ಯ ನನಗಿರಲಿಲ್ಲ.

ಅಪ್ಪನ ಕೈ ನಡುಗತೊಡಗಿತು. ಮಾತಿನ ನಡುವೆ ಸುಮ್ಮನೆ ಕಣ್ಣು ತುಂಬಿಕೊಳ್ಳುತ್ತಿದ್ದವು. ಹೊಸಬರು ಬಂದರೆ ಒಳಗೆ ಸರಿದುಬಿಡುತ್ತಿದ್ದ. ಒಂದು ಕಾಲಕ್ಕೆ ಇಡೀ ಬಸ್ಸನ್ನು ಗದರಿಸಿ ಕೂಡಿಸುತ್ತಿದ್ದವನು ಈಗ ಒಂದು ಮಾತಿಗೆ ಮೂರು ಸಲ ತೊದಲುತ್ತಿದ್ದ. ಇದನ್ನು ನಮ್ಮ ಓಣಿಯವರು ಹೇಗೆ ತಿಳಿದುಕೊಂಡರೆಂದರೆ, ಭಜನೆ ಮಂಡಳಿಯ ಹಿರಿಯರೊಬ್ಬರು ಬಂದು ಅವ್ವನಿಗೆ ಕೈಮುಗಿದರು.

"ಮೈ ನಡುಗತದ, ಕಣ್ಣಾಗ ನೀರು ಬರ್ತಾವ, ಮಾತು ತೊದಲತಾವ. ಭಕ್ತಿ ಪಕ್ವ ಆದ್ರ ಹಿಂಗೇ ಆಗ್ತದ್ರಿ ಅವ್ವಾರ. ನಿಮ್ಮ ಯಜಮಾನ್ರು ಶರಣರಾಗ್ಯಾರ."

ಸೋಮವಾರ ನಾಲ್ಕಾರು ಮಂದಿ ಅಪ್ಪನ ಕಾಲು ಮುಟ್ಟಲು ಬರತೊಡಗಿದರು. ಅಪ್ಪ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ. ಅದಕ್ಕೂ ಜನ, ಎಂಥಾ ವಿನಯ ನೋಡ್ರಿ ಅಂದರು. ಅವ್ವ ಒಬ್ಬಳೇ ನನಗೆ ಹೇಳಿದಳು: "ದಿಂಬು ಜೊಲ್ಲಿನಿಂದ ತೊಯ್ದಿರ್ತದ. ಒಸಡಿನಾಗ ರಕ್ತ ಬರ್ತದ. ಶರಣರಿಗಿ ಹಿಂಗ ಆಗ್ತಿತ್ತೇನು?" ನಾನು, ವಯಸ್ಸಾಯಿತಲ್ಲ ಅಂದೆ. ವಿಜ್ಞಾನ ಓದಿದವಳು ಕೊಡುವ ಉತ್ತರವೇ ಅದು?

ಆ ಬೇಸಿಗೆಯ ರಜೆಗೆ ತವರಿಗೆ ಹೋದಾಗ ಒಂದು ಬೆಳಿಗ್ಗೆ ಅಪ್ಪ ಅಂಗಿಯ ಗುಂಡಿ ಹಾಕಿಕೊಳ್ಳಲಾಗದೆ ಕನ್ನಡಿಯ ಮುಂದೆ ನಿಂತಿದ್ದ. ನಾನೇ ಹಾಕಿದೆ. ಅಷ್ಟು ಹತ್ತಿರದಿಂದ ಅವನ ಬಾಯಿ ಕಂಡಿತು. ಒಸಡಿನ ಅಂಚು ನೀಲಿಗಪ್ಪಾಗಿತ್ತು. "ಬಾಯಾಗ ಸದಾ ತಾಮ್ರದ ರುಚಿ ಅವ್ವಾ" ಅಂದ. ಇನ್ನು ನನಗೆ ತಿಳಿಯದಂತೆ ನಟಿಸಲು ಆಗಲಿಲ್ಲ. ಅವತ್ತೇ ಹುಮನಾಬಾದದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ರಕ್ತ, ಮೂತ್ರ ಹೈದರಾಬಾದಿಗೆ ಹೋದವು. ಉತ್ತರ ಬಂದ ದಿನ ಡಾಕ್ಟರು ನನ್ನೊಬ್ಬಳನ್ನೇ ಕೂಡಿಸಿ ಹೇಳಿದರು.

"ಪಾದರಸದ ಹೊಗಿ ಮಿದುಳಿಗಿ ಹತ್ತ್ಯದ್ರಿ ಟೀಚರ್. ಕಿಡ್ನಿಗೂ ಪೆಟ್ಟಾಗ್ಯದ. ನಡುಕ, ಅಳು, ಮಂದಿ ಕಂಡ್ರ ಅಂಜೂದು, ಎಲ್ಲಾ ಅದರದೇ."

"ಸ್ವಭಾವನೂ ಬದಲಾಗ್ತದೇನ್ರಿ?"

"ಆಗ್ತದ್ರಿ."

ಬಸವಕಲ್ಯಾಣದ ಬಸ್ಸಿನಲ್ಲಿ ಕೂತಾಗ ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟನ್ನು ಮನೆಗೆ ಹೋಗಿ ಅಪ್ಪನ ಮೇಲೆ ಸುರಿದೆ. ನಮ್ಮ ಮನೆತನದ ಚಾಳಿ. ಪಾದರಸ, ನರಮಂಡಲ, ವಿಷ ಎಂದು ತರಗತಿಯಲ್ಲಿ ಪಾಠ ಹೇಳುವಂತೆ ಹೇಳಿದೆ. ನಡುಕ ವಿಷದ್ದು, ಕಣ್ಣೀರು ವಿಷದ್ದು ಅಂದೆ. ಅಪ್ಪ ಖೋಲಿಯ ಹೊಸ್ತಿಲ ಮೇಲೆ ಕೂತು ಕೇಳಿಸಿಕೊಂಡ. ಆಮೇಲೆ ಒಂದೇ ಪ್ರಶ್ನೆ ಕೇಳಿದ.

"ಮತ್ತ ಸಿಟ್ಟು ಹೋಗಿದ್ದು, ಅವ್ವಾ? ಅದಾದ್ರೂ ನಂದು ಹೌದಿಲ್ಲೋ?"

"ಅದೂ ವಿಷದ್ದೇ ಅಪ್ಪಾ" ಅಂದೆ.

ಜೀವಮಾನದಲ್ಲಿ ಅವನು ತಾನಾಗಿ ಸಂಪಾದಿಸಿದೆನೆಂದು ತಿಳಿದಿದ್ದದ್ದು ಅದೊಂದೇ. ಅದನ್ನು ನಾನು ಅಷ್ಟು ಸಲೀಸಾಗಿ ಕಸಿದುಕೊಂಡೆ. ನನಗೆ ಖಾತ್ರಿಯಾಗಿ ಗೊತ್ತಿತ್ತೇ? ಇಲ್ಲ. ಗೊತ್ತಿಲ್ಲ ಎಂದು ಹೇಳುವಷ್ಟು ದೊಡ್ಡವಳಾಗಿರಲಿಲ್ಲ, ಅಷ್ಟೆ.

ಅಪ್ಪ ಎದ್ದ. ಒಳಗೆ ಹೋಗಿ ಬಾಟಲಿಯನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ತಂದ. ಅದನ್ನಿಟ್ಟ ನನ್ನ ಚೀಲವನ್ನು ತಾನೇ ಹಿಡಿದುಕೊಂಡು ನನ್ನ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದು ಬಂದ. ನಡುಗುವ ಕೈಯಿಂದ ಕಿಟಕಿಯೊಳಗೆ ಚೀಲ ಕೊಟ್ಟು, "ಜ್ವಾಕಿ ಹೋಗವ್ವಾ" ಅಂದ. ಅಂಥ ಮಾತು ಕೇಳಿಯೂ ಸಿಟ್ಟು ಬರಲಿಲ್ಲವಲ್ಲ, ವಿಷ ಎಷ್ಟು ಆಳಕ್ಕೆ ಇಳಿದಿದೆ ಎಂದು ನಾನು ಅಂದುಕೊಂಡೆ. ಬಾಟಲಿಯನ್ನು ಮರಳಿ ಶಾಲೆಯ ಕಪಾಟಿನಲ್ಲಿಟ್ಟೆ. ಅರ್ಧ ಖಾಲಿಯಾದದ್ದು ಯಾಕೆ ಎಂದು ಯಾರೂ ಕೇಳಲಿಲ್ಲ.

ಚಿಕಿತ್ಸೆ ನಡೆಯಿತು. ಕೈಯ ನಡುಕ ಬಹಳಷ್ಟು ಇಳಿಯಿತು, ಮಾತು ಸರಿಯಾಯಿತು. ಕಾಲು ಮುಟ್ಟುವವರು ಬರುವುದು ಬಿಟ್ಟರು. ಇನ್ನು ಹಳೆಯ ಸಿಟ್ಟು ಮರಳಿ ಬರುತ್ತದೆ ಎಂದು ನಾನು ಕಾದೆ. ಒಂದು ಸಲ ನಾನೇ ಬೇಕೆಂದು ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿದೆ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಅಪ್ಪ ಒಂದು ತುತ್ತು ತಿಂದು, ತಾಟಿನ ನೆಗ್ಗಿದ ಅಂಚಿನ ಮೇಲೆ ಬೆರಳು ಆಡಿಸಿ, ಮೊಸರು ಕೇಳಿದ. ಮನಸ್ಸು ಮುರಿದಿದೆ, ಅದಕ್ಕೇ ಸುಮ್ಮನಿದ್ದಾನೆ ಎಂದು ನಾನು ಲೆಕ್ಕ ಹಾಕಿದೆ. ಆದರೆ ಕಿಡ್ನಿ ಚೇತರಿಸಿಕೊಳ್ಳಲಿಲ್ಲ. ಚಳಿಗಾಲ ಮುಗಿಯುವ ಮುಂಚೆ ಅಪ್ಪ ಹೋದ.

ಕಾರ್ಯವೆಲ್ಲ ಮುಗಿದ ಮೇಲೆ ಮನೆಗೆ ಸುಣ್ಣ ಹಚ್ಚಿಸಬೇಕೆಂದು ಸಾಮಾನು ಹೊರಗೆ ಹಾಕುತ್ತಿದ್ದೆವು. ಹಿಂದಿನ ಖೋಲಿಯೊಳಗೆ ನಾನು ಸರಿಯಾಗಿ ಹೋದದ್ದು ಅವತ್ತೇ. ಗೋಡೆಯ ತುಂಬ ಇದ್ದಿಲಿನ ಗೆರೆಗಳು. ಮೇಲಿನ ಸಾಲುಗಳು ಗಿಡ್ಡ, ಗೆರೆ ನೆಟ್ಟಗೆ. ಕೆಳಗಿಳಿದ ಹಾಗೆ ಸಾಲು ಉದ್ದ, ಗೆರೆ ಸೊಟ್ಟ. ಮೂವತ್ತೆಂಟು ಗೆರೆಗಳ ಒಂದು ಸಾಲು ಅಲ್ಲಿಗೇ ನಿಂತಿತ್ತು. ಅದರ ಕೆಳಗೆ ಇನ್ನೊಂದು ಸಾಲು, ಎಲ್ಲಕ್ಕಿಂತ ಉದ್ದದ್ದು. ಅದರ ಮೊದಲ ಗೆರೆಗಳು ನಡುಗಿದ್ದವು, ಮುಂದೆ ಹೋದಂತೆ ನೆಟ್ಟಗಾಗಿದ್ದವು.

"ಇದು ಯಾವಾಗಿಂದು?" ಎಂದು ಕೇಳಿದೆ.

ಅವ್ವ ಗೋಡೆಯ ಹತ್ತಿರ ಬಂದಳು. ಅವಳಿಗೆ ಓದು ಬಾರದು, ಆದರೆ ಈ ಗೋಡೆ ಬಾಯಿಪಾಠವಿತ್ತು.

"ನೀ ಬಾಟ್ಲಿ ಒಯ್ದಿ ನೋಡು, ಅವತ್ತ ಗೆರಿ ಹಾಕಲಿಲ್ಲ. ಮುಂಜಾನೆದ್ದು ಹೊಸಾ ಸಾಲು ಹಿಡಿದ್ರು. ಖಲಬತ್ತ ಇಲ್ಲ, ಪಾದರಸ ಇಲ್ಲ, ಇನ್ಯಾಕ ಗೆರಿ ಅಂದೆ. ಸುಮ್ನ ಇರು ಅಂದ್ರು. ಮಂಡಲ ದಾಟಿದ ದಿನ ಮಗಳಿಗಿ ಫೋನ್ ಮಾಡಿ ಹೇಳ್ರಿ ಅಂದೆ. ಬ್ಯಾಡ, ಆಕಿ ಇದಕ್ಕೂ ವಿಷ ಅಂತಾಳ ಅಂದ್ರು."

ನಾನು ಮೂವತ್ತೆಂಟನೆಯ ಗೆರೆಯ ಮುಂದಿನ ಖಾಲಿ ಜಾಗವನ್ನು ನೋಡುತ್ತ ನಿಂತೆ. ಒಳಗೆ ಬಂದರೂ ಅದು ಬಂದ ಹಾಗೆಯೇ ಎಂದು ವೈದ್ಯರು ಹೇಳಿದ್ದರು. ಅವತ್ತು ಅಪ್ಪನಿಗೆ ಸಿಟ್ಟು ಬಂದಿತ್ತು. ನನ್ನ ಮೇಲೆಯೇ ಬಂದಿತ್ತು. ಆ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ನನ್ನ ಚೀಲ ಹೊತ್ತುಕೊಂಡು ಬಸ್‌ಸ್ಟ್ಯಾಂಡಿಗೆ ಬಂದಿದ್ದ, ಜ್ವಾಕಿ ಹೋಗವ್ವಾ ಅಂದಿದ್ದ, ಮನೆಗೆ ಹಿಂದಿರುಗಿ ಯಾರೂ ನೋಡದ ಗೋಡೆಯ ಮೇಲೆ ಸುಳ್ಳು ಗೆರೆ ಎಳೆಯದೆ ಮಲಗಿದ್ದ.

"ಅದು ನಿಮ್ಮದೇ ಇತ್ರಿ ಅಪ್ಪಾ" ಎಂದು ಗೋಡೆಗೆ ಹೇಳಿದೆ. ಹೊರಗೆ ಸುಣ್ಣದವನು ಬಕೀಟು ಇಳಿಸಿ, ಮೊದಲು ಯಾವ ಖೋಲಿ ಎಂದು ಅವ್ವನನ್ನು ಕೇಳುತ್ತಿದ್ದ.